ಹೈಮಾಕ್ಕೆ ಹೊರಟಿರುವ ತಂಗಿಗೆ

ತಂಗಿ,

ಒಮಾನಿನ ಹೈಮಾದ ಆಸ್ಪತ್ರೆಯಲ್ಲಿ ನರ್ಸ್ ಕೆಲಸ ಸಿಕ್ಕಿದೆ, ನಕ್ಷೆಯಲ್ಲಿ ನೋಡಿದರೆ ಊರಿನ ಸುತ್ತ ಏನೂ ಕಾಣುವುದಿಲ್ಲ, ಅಲ್ಲಿ ಒಬ್ಬಳೇ ಸಿಕ್ಕಿಹಾಕಿಕೊಂಡರೆ ಏನು ಗತಿ ಎಂದು ಬರೆದಿದ್ದೀರಿ. ಸಾಗರದಲ್ಲಿ ತಾಯಿಯ ಬಳಿ ಬಿಟ್ಟುಬರುವ ಮಗಳೊಂದಿಗೆ ದಿನವೂ ಮಾತಾಡಲು ಆಗುತ್ತದೆಯೇ, ಮಸ್ಕತ್‌ಗೆ ಹೋಗಿಬರಲು ದಾರಿ ಯಾವುದು, ಕಾರು ಓಡಿಸಲು ಕಲಿಯಬೇಕೇ ಎಂದೂ ಕೇಳಿದ್ದೀರಿ. ನಾನು ಬೈಂದೂರಿನವನು. ಒಮಾನಿನ ರಸ್ತೆ ಕಾಮಗಾರಿಗಳಲ್ಲಿ ಸರ್ವೇಯರ್ ಆಗಿ ದುಡಿಯುತ್ತಲೇ ತಲೆ ನರೆತವನು. ಆದ್ದರಿಂದ ನಿಮ್ಮ ಪ್ರಶ್ನೆಗಳಿಗೆ ರಸ್ತೆಯ ಕಡೆಯಿಂದಲೇ ಉತ್ತರಿಸುತ್ತೇನೆ. ಈ ದೇಶವನ್ನು ಅರ್ಥಮಾಡಿಕೊಳ್ಳಲು ಅದಕ್ಕಿಂತ ಒಳ್ಳೆಯ ದಾರಿ ನನಗೆ ಗೊತ್ತಿಲ್ಲ.

ಮೊದಲು ನಿಮ್ಮ ಹೆದರಿಕೆಯ ಮಾತು. ಹೈಮಾ ದೂರವಿದೆ, ಆದರೆ ಮೂಲೆಯಲ್ಲಿಲ್ಲ. ಮಸ್ಕತ್‌ನಿಂದ ಸಲಾಲಾಕ್ಕೆ ಸುಮಾರು 1000 ಕಿ.ಮೀ.; ಆ ದಾರಿಯ ಹೆಚ್ಚುಕಡಿಮೆ ನಡುಮಧ್ಯದಲ್ಲಿ ನಿಮ್ಮ ಊರಿದೆ. ದೇಶದ ಉತ್ತರ ಮತ್ತು ದಕ್ಷಿಣವನ್ನು ಒಳನಾಡಿನಲ್ಲಿ ಜೋಡಿಸುವ ಹೆದ್ದಾರಿ ಅದರ ಪಕ್ಕದಲ್ಲೇ ಹಾಯುತ್ತದೆ. ದುಖ್ಮ್ ಬಂದರಿನ ಕಡೆಗೂ ಅಲ್ಲಿಂದ ರಸ್ತೆ ಕವಲೊಡೆಯುತ್ತದೆ. ಹಗಲು ರಾತ್ರಿ ಲಾರಿಗಳು, ಬಸ್ಸುಗಳು ಓಡಾಡುತ್ತಲೇ ಇರುತ್ತವೆ. ಪೆಟ್ರೋಲ್ ಬಂಕ್, ಹೋಟೆಲ್, ಟೈರ್ ಅಂಗಡಿ, ಮಲಯಾಳಿಗಳ ಚಹಾದಂಗಡಿ ಎಲ್ಲವೂ ಇವೆ. ನೋಡಲು ಹಸಿರಿಲ್ಲ ಎಂಬುದು ನಿಜ. ಸಾಗರದ ಮಳೆಯಲ್ಲಿ ಬೆಳೆದವರಿಗೆ ಮೊದಲ ಕೆಲವು ತಿಂಗಳು ಕಣ್ಣಿಗೆ ಕಷ್ಟವಾಗುತ್ತದೆ, ಅದನ್ನು ಮುಚ್ಚಿಡುವುದಿಲ್ಲ.

ಈ ಊರು ಹುಟ್ಟಿದ ಬಗೆಯನ್ನು ತಿಳಿದುಕೊಂಡು ಹೋಗಿ. ಆ ಬಯಲಿಗೆ ಜಿದ್ದತ್ ಅಲ್ ಹರಾಸಿಸ್ ಎಂದು ಹೆಸರು. ಹರಾಸಿಸ್ ಎಂಬ ಪಶುಪಾಲಕ ಬುಡಕಟ್ಟಿನವರ ನೆಲ ಅದು. ಅವರಿಗೆ ಅರಬ್ಬಿಯಲ್ಲದೆ ತಮ್ಮದೇ ಇನ್ನೊಂದು ಭಾಷೆಯೂ ಇದೆ. 1950ರ ದಶಕದಲ್ಲಿ ತೈಲ ಹುಡುಕಿಕೊಂಡು ಬಂದವರು ಅಲ್ಲಿ ನೀರಿನ ಬಾವಿ ಕೊರೆಯುವ ತನಕ ಆ ಬಯಲಿನಲ್ಲಿ ನಂಬಬಹುದಾದ ನೀರಿನ ನೆಲೆಯೇ ಇರಲಿಲ್ಲ. ಜನ ಒಂಟೆ ಮತ್ತು ಮೇಕೆಯ ಹಾಲನ್ನೇ ನೆಚ್ಚಿ ಬದುಕುತ್ತಿದ್ದರು. 1970ರ ದಶಕದಲ್ಲಿ ಪಿಕಪ್ ವಾಹನ ಬಂತು. ಅದರಲ್ಲಿ ನೀರು ತುಂಬಿಕೊಂಡು ಮಂದೆ ಮೇಯುವಲ್ಲಿಗೇ ಒಯ್ಯುವಂತಾಯಿತು. ಬಾವಿ, ಪಿಕಪ್, ಆಮೇಲೆ ರಸ್ತೆ, ಶಾಲೆ, ನೀವು ಸೇರಲಿರುವ ಆಸ್ಪತ್ರೆ. ನಿಮ್ಮ ವಾರ್ಡಿಗೆ ಬರುವ ಮುದುಕಿಯರಲ್ಲಿ ಕೆಲವರು ಇವೆಲ್ಲಕ್ಕೂ ಮುಂಚಿನ ಕಾಲವನ್ನು ಕಂಡವರು. ಅವರ ಬಳಿ ತಾಳ್ಮೆಯಿಂದ ಮಾತಾಡಿ, ಬಹಳ ಕಲಿಯುತ್ತೀರಿ.

ಇಡೀ ದೇಶದ ಕಥೆಯೂ ಇದೇ. 1970ರ ಜುಲೈ 23ರಂದು ಸುಲ್ತಾನ್ ಖಾಬೂಸ್ ತಂದೆ ಸಯೀದ್ ಬಿನ್ ತೈಮೂರ್ ಅವರನ್ನು ಇಳಿಸಿ ಪಟ್ಟಕ್ಕೆ ಬಂದಾಗ ಒಮಾನಿನಲ್ಲಿ ಡಾಂಬರು ಕಂಡಿದ್ದ ರಸ್ತೆ ಸುಮಾರು 10 ಕಿ.ಮೀ. ಮಾತ್ರ. ಶಾಲೆಗಳು ಮೂರು. ಮಸ್ಕತ್ ಊರಬಾಗಿಲನ್ನು ರಾತ್ರಿ ಮುಚ್ಚಿಬಿಡುತ್ತಿದ್ದರು. ಆ ಹೊತ್ತಿನ ಮೇಲೆ ಬೀದಿಯಲ್ಲಿ ನಡೆಯುವವರು ಕೈಯಲ್ಲಿ ಲಾಂದ್ರ ಹಿಡಿದಿರಬೇಕಿತ್ತು. ಅಷ್ಟರೊಳಗೆ ತೈಲ ಹರಿಯತೊಡಗಿತ್ತು. ಫಾಹುದ್ ಬಾವಿಗಳಿಂದ ಸುಮೈಲ್ ಕಣಿವೆಯ ಮೂಲಕ ಕರಾವಳಿಗೆ ಎಳೆದ ಕೊಳವೆಯಲ್ಲಿ ಬಂದ ಎಣ್ಣೆ 1967ರಲ್ಲೇ ಹಡಗು ಹತ್ತಿತ್ತು. ಎಣ್ಣೆಗೆ ದಾರಿಯಾಗಿತ್ತು, ಮನುಷ್ಯರಿಗೆ ಇನ್ನೂ ಆಗಿರಲಿಲ್ಲ.

ಹೊಸ ಸುಲ್ತಾನರು ರಸ್ತೆಗೆ ಅಷ್ಟು ಅವಸರ ಮಾಡಿದ್ದಕ್ಕೆ ಕಾರಣ ವ್ಯಾಪಾರವೊಂದೇ ಅಲ್ಲ. ದಕ್ಷಿಣದ ಧೋಫಾರ್‌ನಲ್ಲಿ 1965ರಿಂದ ಬಂಡಾಯ ನಡೆದಿತ್ತು. ಅದು ಮುಗಿದಿದ್ದು 1975ರ ಕೊನೆಯಲ್ಲಿ. ಅದಕ್ಕೂ ಹಿಂದೆ ಒಳನಾಡಿನ ಇಮಾಮರಿಗೂ ಕರಾವಳಿಯ ಸುಲ್ತಾನರಿಗೂ ಕಾದಾಟವಾಗಿತ್ತು. ದೇಶದ ಹೆಸರೇ 'ಮಸ್ಕತ್ ಮತ್ತು ಒಮಾನ್' ಎಂದು ಎರಡಾಗಿತ್ತು. ಅಂಥ ನೆಲವನ್ನು ಒಂದು ಮಾಡಲು ಶಿಕ್ಷಕ, ವೈದ್ಯ, ಸೈನಿಕ, ಅಂಚೆ ಎಲ್ಲರೂ ಹೋಗುವ ದಾರಿ ಬೇಕಿತ್ತು. 1973ರಲ್ಲಿ ಸೀಬ್ ವಿಮಾನ ನಿಲ್ದಾಣ, 1974ರಲ್ಲಿ ಮತ್ರಾಹ್‌ನ ಬಂದರು, ಅದೇ ವರ್ಷದ ನವೆಂಬರ್‌ನಲ್ಲಿ ಟಿ.ವಿ. ಆರಂಭವಾದವು. ಮಸ್ಕತ್‌ನಿಂದ ಸೊಹಾರ್‌ಗೆ, ನಿಜ್ವಾಕ್ಕೆ ಡಾಂಬರು ಬಿತ್ತು. 1980ರ ದಶಕದಲ್ಲಿ ಸಲಾಲಾದವರೆಗೂ ಪಕ್ಕಾ ರಸ್ತೆಯಾಯಿತು. ತೈಲದ ಹಣವನ್ನು ಒಂದು ಸರ್ಕಾರ ಇಷ್ಟು ಚೆನ್ನಾಗಿ ನೆಲಕ್ಕಿಳಿಸಿದ್ದನ್ನು ನಾನು ಬೇರೆಲ್ಲೂ ಕಂಡಿಲ್ಲ.

ಆದರೆ ಕಟ್ಟಿದವರು ಯಾರು ಎಂಬುದನ್ನು ಇಲ್ಲಿ ಫಲಕಗಳಲ್ಲಿ ಬರೆಯುವುದಿಲ್ಲ, ಹಾಗಾಗಿ ನಾನೇ ಹೇಳುತ್ತೇನೆ. ಗ್ರೇಡರ್, ರೋಲರ್ ಓಡಿಸಿದವರಲ್ಲಿ, ಸೇತುವೆಗೆ ಸೆಂಟ್ರಿಂಗ್ ಹಾಕಿದವರಲ್ಲಿ, ಕಂಬಿ ಕಟ್ಟಿದವರಲ್ಲಿ ನಮ್ಮ ಕರಾವಳಿಯವರು, ಕೇರಳದವರು, ತಮಿಳರು, ಆಂಧ್ರದವರು, ಪಂಜಾಬಿಗಳು, ಪಾಕಿಸ್ತಾನದವರು, ಬಾಂಗ್ಲಾದವರು ತುಂಬಿದ್ದಾರೆ. ಬಿಸಿ ಡಾಂಬರಿನ ಕಾವು ಕೆಳಗಿನಿಂದ, ಬಿಸಿಲಿನ ಕಾವು ಮೇಲಿನಿಂದ. ಬೇಸಿಗೆಯ ಮೂರು ತಿಂಗಳು ಮಧ್ಯಾಹ್ನ ಹನ್ನೆರಡೂವರೆಯಿಂದ ಮೂರೂವರೆಯವರೆಗೆ ಬಯಲಿನ ಕೆಲಸ ಮಾಡಿಸಬಾರದೆಂಬ ನಿಯಮ ಈಗ ಇದೆ. ಅದು ಬರುವ ಮುಂಚೆ ದುಡಿದವರನ್ನು ನಾನು ಬಲ್ಲೆ. ಒಳ್ಳೆಯ ರಸ್ತೆಯಲ್ಲಿ ಬಸ್ಸು ಅಲುಗಾಡದೆ ಸಾಗುವಾಗ ಆ ಕೈಗಳನ್ನು ನೆನೆಯಿರಿ.

ಇನ್ನು ನಿಮ್ಮ ರಸ್ತೆಯ ಬಗ್ಗೆ. ಇದನ್ನು ಗಮನವಿಟ್ಟು ಓದಿ, ಏಕೆಂದರೆ ಅಲ್ಲಿನ ಅಪಘಾತದವರನ್ನು ನಿಮ್ಮ ಆಸ್ಪತ್ರೆಗೇ ತರುತ್ತಾರೆ. ಆದಮ್ ದಾಟಿದ ಮೇಲೆ ಥುಮ್ರೈತ್‌ವರೆಗೆ ನೆಲ ಹಾಸುಗಲ್ಲಿನಷ್ಟು ಸಮ. ರಸ್ತೆ ನೇರ. ಸರ್ವೇಯರಿಗೆ ಇದು ಸುಲಭದ ನೆಲ, ಚಾಲಕನಿಗೆ ಅತ್ಯಂತ ಕಷ್ಟದ್ದು: ತಿರುವಿಲ್ಲದ ದಾರಿಯಲ್ಲಿ ಕಣ್ಣು ತೆರೆದಿದ್ದರೂ ಮನಸ್ಸು ನಿದ್ದೆ ಹೋಗುತ್ತದೆ. ಬಹುಕಾಲ ಅದು ಎದುರುಬದುರು ಸಂಚಾರದ ಒಂಟಿ ರಸ್ತೆಯಾಗಿತ್ತು; ಲಾರಿಯನ್ನು ಹಿಂದೆ ಹಾಕಲು ಹೋಗಿ ಎದುರಿನ ವಾಹನಕ್ಕೆ ಬಡಿದು ಕುಟುಂಬಗಳೇ ಹೋಗಿವೆ. ಹಂತ ಹಂತವಾಗಿ ಜೋಡಿ ರಸ್ತೆ ಮಾಡುತ್ತಾ ಬಂದಿದ್ದಾರೆ, ಆದ ಕಡೆಯಲ್ಲೆಲ್ಲ ಪ್ರಯಾಣ ಹಗುರವಾಗಿದೆ. ರಾತ್ರಿ ಒಂಟೆಗಳು ರಸ್ತೆಗೆ ಬರುತ್ತವೆ. ಒಂಟೆಯ ಕಾಲು ಉದ್ದ, ಗುದ್ದಿದರೆ ಅದರ ಮೈಯೆಲ್ಲ ಕಾರಿನ ಮುಂಗಾಜಿನ ಮೇಲೆಯೇ ಬೀಳುತ್ತದೆ. ಇನ್ನೊಂದು, ಹೊಸಬರು ನಂಬುವುದೇ ಇಲ್ಲ: ಆ ಮರುಭೂಮಿಯಲ್ಲಿ ಮಂಜು ಕವಿಯುತ್ತದೆ. ಅರಬ್ಬಿ ಸಮುದ್ರದ ತೇವ ರಾತ್ರಿ ಬಯಲಿಗೆ ಹರಿದು ಬೆಳಗಿನ ಜಾವ ಹತ್ತು ಮಾರು ಮುಂದಿನದೂ ಕಾಣದಷ್ಟು ದಟ್ಟವಾಗುತ್ತದೆ. ಆ ಇಬ್ಬನಿಯಿಂದಲೇ ಅಲ್ಲಿನ ಗಿಡಗಂಟಿ, ಬಿಳಿ ಓರಿಕ್ಸ್ ಜಿಂಕೆಗಳು ಬದುಕುವುದು. ಚಾಲಕರಿಗೆ ಮಾತ್ರ ಅದು ಕಂಟಕ. ಆದ್ದರಿಂದ ನನ್ನ ಒಂದೇ ಕಟ್ಟುನಿಟ್ಟಿನ ಮಾತು: ಹೈಮಾದಿಂದ ಎಲ್ಲಿಗೆ ಹೋಗುವುದಿದ್ದರೂ ಹಗಲಿನಲ್ಲಿ ಹೋಗಿ.

ಮಸ್ಕತ್–ಸಲಾಲಾ ಬಸ್ಸುಗಳು ಹೈಮಾದಲ್ಲಿ ನಿಲ್ಲುತ್ತವೆ. ಸರ್ಕಾರಿ ಸಾರಿಗೆ 1972ರಿಂದಲೂ ಇದೆ, ಈಗ ಅದರ ಹೆಸರು ಮುವಾಸಲಾತ್, ಖಾಸಗಿಯವರೂ ಓಡಿಸುತ್ತಾರೆ. ಹವಾನಿಯಂತ್ರಿತ ಬಸ್ಸು, ಹೆಂಗಸರ ಪಕ್ಕದಲ್ಲಿ ಪರಿಚಯವಿಲ್ಲದ ಗಂಡಸರನ್ನು ಕೂರಿಸದಂತೆ ನೋಡಿಕೊಳ್ಳುವುದು ಇಲ್ಲಿನ ರೂಢಿ. ರೈಲು ಈ ದೇಶದಲ್ಲಿ ಇನ್ನೂ ಓಡಿಲ್ಲ. ಸೊಹಾರ್‌ನಿಂದ ಅಬುಧಾಬಿಗೆ ಹಳಿ ಹಾಕಲು 2022ರಲ್ಲಿ ಒಪ್ಪಂದವಾಗಿದೆ, ಆದರೆ ಅದು ಉತ್ತರದ ಮಾತು, ನಿಮಗೆ ತಾಗುವಂಥದ್ದಲ್ಲ.

ವಾದಿಯ ಬಗ್ಗೆ ಹೇಳದಿದ್ದರೆ ಈ ಪತ್ರ ಬರೆದೂ ಪ್ರಯೋಜನವಿಲ್ಲ. ವಾದಿ ಎಂದರೆ ಒಣಹಳ್ಳ. ಹೈಮಾ ಸಮತಟ್ಟು, ಅಲ್ಲಿ ಅದರ ಕಾಟ ಕಡಿಮೆ. ನಿಜ್ವಾ ದಾಟಿ ಉತ್ತರಕ್ಕೆ, ಹಜರ್ ಬೆಟ್ಟಗಳ ಸೀಮೆಗೆ ಹೋದಿರಾದರೆ ಅದೇ ಯಮ. ಮಲೆನಾಡಿನವರಿಗೆ ಹೊಳೆಯ ಭಯ ಗೊತ್ತು, ಆದರೆ ನಮ್ಮ ಹೊಳೆ ತುಂಬುವಾಗ ನಮ್ಮ ತಲೆಯ ಮೇಲೂ ಮಳೆ ಸುರಿಯುತ್ತಿರುತ್ತದೆ. ಇಲ್ಲಿ ಮಳೆ ಬೀಳುವುದು ಎಲ್ಲೋ ಬೆಟ್ಟದ ಮೇಲೆ, ನೀವಿರುವಲ್ಲಿ ಬಿಸಿಲು. ಬರಿ ಕಲ್ಲಿನ ಬೆಟ್ಟ ಒಂದು ಹನಿಯನ್ನೂ ಹೀರುವುದಿಲ್ಲ, ಎಲ್ಲ ನೀರೂ ಒಮ್ಮೆಗೇ ಇಳಿಯುತ್ತದೆ. ಎಷ್ಟೋ ಕಡೆ ರಸ್ತೆ ವಾದಿಯ ತಳದಲ್ಲೇ ಹಾಯುತ್ತದೆ. ಪಕ್ಕದಲ್ಲಿ ನಿಲ್ಲಿಸಿದ ಕೆಂಪು–ಬಿಳಿ ಕಂಬಗಳು ನೀರಿನ ಆಳ ತೋರಿಸಲೆಂದೇ ಇವೆ. 2007ರ ಜೂನ್‌ನಲ್ಲಿ ಗೋನು ಚಂಡಮಾರುತ ಬಂದಾಗ ನಾವು ಅಳೆದು ಕಟ್ಟಿದ್ದ ರಸ್ತೆಗಳು ತುಂಡುತುಂಡಾದವು. ಸಮುದ್ರದ ನೀರನ್ನು ಸಿಹಿ ಮಾಡುವ ಸ್ಥಾವರಗಳೂ ನಿಂತು ಮಸ್ಕತ್‌ನಲ್ಲಿ ಕುಡಿಯುವ ನೀರಿಗೆ ದಿನಗಟ್ಟಲೆ ಪರದಾಟವಾಯಿತು. ಆಮೇಲೆ ಮೋರಿಗಳು ದೊಡ್ಡವಾದವು, ತಡೆ ಅಣೆಕಟ್ಟುಗಳು ಬಂದವು. ಆದರೂ 2024ರ ಏಪ್ರಿಲ್‌ನಲ್ಲಿ ಸಮದ್ ಅಲ್ ಶಾನ್‌ನಲ್ಲಿ ಶಾಲೆಯಿಂದ ಮರಳುತ್ತಿದ್ದ ಮಕ್ಕಳು ನೀರಿನಲ್ಲಿ ಕೊಚ್ಚಿಹೋದರು. ಹರಿಯುವ ವಾದಿಯನ್ನು ಬೇಕೆಂದೇ ದಾಟುವುದು ಇಲ್ಲಿ ಜೈಲು ಶಿಕ್ಷೆಯ ಅಪರಾಧ. ನೀವು ಕುಳಿತ ವಾಹನದ ಚಾಲಕ ಎಷ್ಟೇ ಅನುಭವಿಯಾಗಿರಲಿ, ನೀರಿಗಿಳಿಯಲು ಹೊರಟರೆ ಇಳಿದುಬಿಡಿ. ಪೊಲೀಸ್ ಸಹಾಯಕ್ಕೆ 9999 ಒತ್ತಿ.

ಮಗಳೊಂದಿಗೆ ಮಾತು. ಇದರಲ್ಲಿ ನೀವು ಅದೃಷ್ಟವಂತರು. ನನಗಿಂತ ಹಿಂದೆ ಬಂದವರು ತಮ್ಮ ಮಾತನ್ನು ಕ್ಯಾಸೆಟ್‌ನಲ್ಲಿ ತುಂಬಿ, ಊರಿಗೆ ಹೋಗುವವರ ಕೈಯಲ್ಲಿ ಕಳಿಸುತ್ತಿದ್ದರು. ನಾನು ಬಂದ ಕಾಲಕ್ಕೆ ಶುಕ್ರವಾರ ಮಸ್ಕತ್‌ನ ರೂವಿಯ ಫೋನ್ ಬೂತ್‌ಗಳ ಮುಂದೆ ಕಾರ್ಡ್ ಹಿಡಿದು ಸಾಲು ನಿಲ್ಲಬೇಕಿತ್ತು. ಮೊಬೈಲ್ 1996ರಲ್ಲಿ, ಇಂಟರ್ನೆಟ್ 1997ರಲ್ಲಿ ಬಂದಿದ್ದರೂ ನಮ್ಮ ಸಂಬಳಕ್ಕೆ ಅವು ಎಟುಕುತ್ತಿರಲಿಲ್ಲ. 2005ರಲ್ಲಿ ಎರಡನೇ ಮೊಬೈಲ್ ಕಂಪನಿ ಕಣಕ್ಕಿಳಿದ ಮೇಲೆ ಕೂಲಿಯವರ ಕೈಗೂ ಫೋನ್ ಬಂತು. ಈಗ ಹೈಮಾದಲ್ಲಿ ಸಿಗ್ನಲ್ ಚೆನ್ನಾಗಿದೆ. ಊರು ಬಿಟ್ಟು ಒಳಗೆ ಹೋದರೆ ಕಡಿದುಹೋಗುವ ಜಾಗಗಳಿವೆ. ಸಿಮ್ ಕೊಳ್ಳುವ ಮುಂಚೆ ಆಸ್ಪತ್ರೆಯ ಹಳಬರು ಯಾವ ಕಂಪನಿಯದನ್ನು ಬಳಸುತ್ತಾರೆ ಎಂದು ಕೇಳಿ, ಅದನ್ನೇ ಕೊಳ್ಳಿ. ವಾಟ್ಸ್ಆ್ಯಪ್‌ನಲ್ಲಿ ಸಂದೇಶ, ಚಿತ್ರ ಹೋಗುತ್ತವೆ, ಆದರೆ ಅದರ ಕರೆಗಳಿಗೆ ಇಲ್ಲಿ ಬಹುಕಾಲ ತಡೆಯಿತ್ತು. ಕೊರೊನಾ ಕಾಲದಲ್ಲಿ ಜೂಮ್, ಗೂಗಲ್ ಮೀಟ್‌ನಂಥವಕ್ಕೆ ಅನುಮತಿ ಸಿಕ್ಕಿತು. ಹೊರಡುವ ಮುಂಚೆಯೇ ನಿಮ್ಮ ತಾಯಿಗೆ ಗೂಗಲ್ ಮೀಟ್ ಕಲಿಸಿಬಿಡಿ. ಇಲ್ಲಿಂದ ಕಲಿಸುವುದು ಕಷ್ಟ. ಒಮಾನಿನ ಗಡಿಯಾರ ನಮ್ಮದಕ್ಕಿಂತ ಒಂದೂವರೆ ಗಂಟೆ ಹಿಂದಿದೆ, ಮಗು ಮಲಗುವ ಹೊತ್ತನ್ನು ನೋಡಿ ಪಾಳಿ ಕೇಳಿಕೊಳ್ಳಿ.

ಮಾತು ಸಾಗುವ ದಾರಿಯ ಬಗ್ಗೆ ನನಗೆ ಮೊದಲಿನಿಂದಲೂ ಕುತೂಹಲ. 1864ರಲ್ಲಿ ಕರಾಚಿಯ ಕಡೆಯಿಂದ ಸಮುದ್ರದಡಿ ಬಂದ ತಂತಿ ಒಮಾನಿನ ಮುಸಂದಮ್‌ನ ಪುಟ್ಟ ದ್ವೀಪವೊಂದಕ್ಕೆ ಹತ್ತಿ ಕೊಲ್ಲಿಯ ತುದಿಗೆ ಹೋಗುತ್ತಿತ್ತು. ಭಾರತದಿಂದ ಲಂಡನ್ನಿಗೆ ಟೆಲಿಗ್ರಾಂ ಹೋಗುವ ದಾರಿ ಅದು. ಬಿಸಿಲು ಮತ್ತು ಒಂಟಿತನ ತಾಳಲಾಗದ ಆ ಠಾಣೆಯನ್ನು ಕೆಲವೇ ವರ್ಷಗಳಲ್ಲಿ ಬಿಟ್ಟುಹೋದರು. ಅದೇ 1864ರಲ್ಲಿ ಮಸ್ಕತ್‌ನಲ್ಲಿ ಭಾರತದ ಅಂಚೆ ಕಚೇರಿ ತೆರೆಯಿತು, 1947ರವರೆಗೂ ಇಲ್ಲಿ ನಮ್ಮ ಅಂಚೆಚೀಟಿಗಳೇ ನಡೆಯುತ್ತಿದ್ದವು. ಅದಕ್ಕೂ ಎಷ್ಟೋ ಹಿಂದೆ ಬಸ್ರೂರು, ಮಂಗಳೂರಿನ ಅಕ್ಕಿ ಮಸ್ಕತ್‌ಗೆ ಬರುತ್ತಿತ್ತು. ಟಿಪ್ಪು ಸುಲ್ತಾನನ ಮಳಿಗೆಯೂ ಇಲ್ಲಿತ್ತು. ಈಗ ಬರ್ಕಾ ಎಂಬ ಕರಾವಳಿಯ ಊರಿಗೆ ಏಷ್ಯಾ–ಯುರೋಪ್ ನಡುವಿನ ಹಲವು ಸಮುದ್ರ ಕೇಬಲ್‌ಗಳು ಬಂದು ಸೇರುತ್ತವೆ. ಒಮಾನಿನ ಈ ಕರಾವಳಿ ಹೋರ್ಮುಜ್ ಜಲಸಂಧಿಯ ಹೊರಗಿದೆ, ಆ ಇಕ್ಕಟ್ಟಿನೊಳಗೆ ನುಗ್ಗದೆಯೇ ಕೇಬಲ್ ದಡ ಮುಟ್ಟಬಹುದು. ಸೊಹಾರ್, ದುಖ್ಮ್ ಬಂದರುಗಳಿಗೆ ಅಷ್ಟು ಹಣ ಸುರಿದಿರುವುದೂ ಇದೇ ಕಾರಣಕ್ಕೆ. ದುಖ್ಮ್‌ನಲ್ಲಿ ಈಗ ಹಡಗು ದುರಸ್ತಿ ಕಟ್ಟೆ, ತೈಲ ಸಂಸ್ಕರಣಾಗಾರ, ವಿಮಾನ ನಿಲ್ದಾಣ ಎಲ್ಲ ಆಗಿವೆ. ಹೈಮಾದ ಮುಂದೆ ಹಾಯುವ ಭಾರಿ ಲಾರಿಗಳಲ್ಲಿ ಎಷ್ಟೋ ಅಲ್ಲಿಗೇ ಹೋಗುವಂಥವು.

ಕಾರಿನ ಪ್ರಶ್ನೆ. ಬಂದ ಕೂಡಲೇ ಬೇಡ, ಆದರೆ ವರ್ಷದೊಳಗೆ ಕಲಿಯಿರಿ. ಇಲ್ಲಿ ಹೆಂಗಸರು ಧಾರಾಳವಾಗಿ ಕಾರು ಓಡಿಸುತ್ತಾರೆ. ನಿಮ್ಮ ಭಾರತದ ಲೈಸೆನ್ಸ್ ತೋರಿಸಿ ಇಲ್ಲಿನದನ್ನು ಪಡೆಯುವಂತಿಲ್ಲ, ಪರೀಕ್ಷೆ ಕೊಡಬೇಕು: ಡ್ರಮ್‌ಗಳ ನಡುವೆ ಹಿಂದಕ್ಕೆ ಓಡಿಸುವುದು, ಏರಿನಲ್ಲಿ ನಿಲ್ಲಿಸಿ ಹೊರಡುವುದು, ಆಮೇಲೆ ಪೊಲೀಸ್ ಅಧಿಕಾರಿಯ ಪಕ್ಕದಲ್ಲಿ ರಸ್ತೆ ಪರೀಕ್ಷೆ. ಒಂದೇ ಸಲಕ್ಕೆ ಪಾಸಾಗುವವರು ಕಡಿಮೆ, ಅದಕ್ಕೆ ಬೇಸರಿಸಬೇಡಿ. ಪೆಟ್ರೋಲ್ ಲೀಟರಿಗೆ ಕಾಲು ರಿಯಾಲ್‌ಗಿಂತ ಅಗ್ಗ. ಡಿಕ್ಕಿಯಲ್ಲಿ ಯಾವಾಗಲೂ ಕುಡಿಯುವ ನೀರಿನ ಪೆಟ್ಟಿಗೆ ಇರಲಿ, ಟೈರಿನ ವಯಸ್ಸು ನೋಡಿ. ಬಿಸಿ ಡಾಂಬರಿನ ಮೇಲೆ ಹಳೆಯ ಟೈರ್ ಸಿಡಿಯುತ್ತದೆ. ಕೆಟ್ಟು ನಿಂತರೆ ಗಾಡಿ ಬಿಟ್ಟು ನಡೆಯಬೇಡಿ. ಹಾಯುವ ಮೊದಲ ಪಿಕಪ್ ನಿಲ್ಲುತ್ತದೆ. ಬೆದೂಯಿನ್ ಎಂಬ ಇಲ್ಲಿನ ಮರುಭೂಮಿಯ ಜನ ರಸ್ತೆಯಲ್ಲಿ ಯಾರನ್ನೂ ಬಿಟ್ಟುಹೋಗುವುದಿಲ್ಲ, ಈ ಮಾತನ್ನು ನಾನು ಎದೆ ಮುಟ್ಟಿ ಹೇಳಬಲ್ಲೆ.

ವಿಳಾಸದ ಬಗ್ಗೆಯೂ ಕೇಳಿದ್ದಿರಿ. ಇಲ್ಲಿ ಅಂಚೆಯಣ್ಣ ಮನೆಬಾಗಿಲಿಗೆ ಬರುವುದಿಲ್ಲ, ಎಲ್ಲವೂ ಅಂಚೆಪೆಟ್ಟಿಗೆ ಸಂಖ್ಯೆಗೆ ಬರುತ್ತದೆ. ಆಸ್ಪತ್ರೆಯ ಸಂಖ್ಯೆಯನ್ನೇ ಮನೆಯವರಿಗೆ ಕೊಡಿ.

ಮಗಳನ್ನೂ ತಾಯಿಯನ್ನೂ ಕರೆಸುವ ಯೋಚನೆ ಒಳ್ಳೆಯದು, ಆದರೆ ಬೇಸಿಗೆ ರಜೆಯಲ್ಲಿ ಬೇಡ, ಬಿಸಿಲು ಮಗುವಿಗೆ ತಡೆಯದು. ಜುಲೈ–ಆಗಸ್ಟ್ ಇನ್ನೂ ಬೇಡ: ಸಲಾಲಾದಲ್ಲಿ ಖರೀಫ್ ಎಂದು ಕರೆಯುವ ಮಳೆಗಾಲದ ತುಂತುರು ಮಳೆ ನೋಡಲು ಸುತ್ತಲಿನ ದೇಶಗಳವರೂ ಆ ರಸ್ತೆಗೆ ಇಳಿಯುತ್ತಾರೆ, ಅಪಘಾತಗಳೂ ಹೆಚ್ಚು, ನಿಮಗೂ ಆಗ ರಜೆ ಸಿಗಲಾರದು. ದಸರಾ ಕಳೆದ ಮೇಲೆ ಅಥವಾ ಡಿಸೆಂಬರ್‌ನಲ್ಲಿ ಕರೆಸಿ. ಮಂಗಳೂರಿನಿಂದಲೂ ಬೆಂಗಳೂರಿನಿಂದಲೂ ಮಸ್ಕತ್‌ಗೆ ನೇರ ವಿಮಾನಗಳಿವೆ. ಅವರು ಬಂದಿಳಿದ ರಾತ್ರಿ ನಮ್ಮ ಮನೆಯಲ್ಲಿ ಉಳಿಯಲಿ, ಮರುದಿನ ಬೆಳಗಿನ ಬಸ್ಸಿಗೆ ನಾನೇ ಹತ್ತಿಸುತ್ತೇನೆ.