ಉತ್ತರ ಬಾರದ 19 ದಿನ

ಆಪ್ತ ಸಮಾಲೋಚಕಿಯಾದ ನನ್ನ ಬಳಿಗೆ ಬಂದವರು 27 ವರ್ಷದ ಯುವತಿ, ನಾಲ್ಕು ವರ್ಷದಿಂದ ಸಾಫ್ಟ್‌ವೇರ್ ಕೆಲಸದಲ್ಲಿದ್ದವರು. ಅವರ ಒಪ್ಪಿಗೆ ಪಡೆದೇ ಇದನ್ನು ಬರೆಯುತ್ತಿದ್ದೇನೆ. ಗುರುತು ಹತ್ತಬಹುದಾದ ವಿವರಗಳನ್ನು ಬದಲಿಸಿದ್ದೇನೆ, ಪ್ರಾಜೆಕ್ಟಿನ ಹೆಸರನ್ನೂ ಬಿಟ್ಟಿದ್ದೇನೆ.

ಮೊದಲ ಭೇಟಿಯಲ್ಲಿ ಹೇಳಿಕೊಂಡದ್ದು ನಿದ್ದೆಯ ತೊಂದರೆ. ರಾತ್ರಿ ಎರಡಕ್ಕೆ ಎಚ್ಚರವಾಗುತ್ತದೆ, ಕೈ ಫೋನಿಗೆ ಹೋಗುತ್ತದೆ, ಆಮೇಲೆ ಬೆಳಗಿನವರೆಗೂ ಕಣ್ಣು ಮುಚ್ಚುವುದಿಲ್ಲ. ಫೋನಿನಲ್ಲಿ ಏನು ನೋಡುತ್ತೀರಿ ಎಂದು ಕೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಉತ್ತರ ಬಂತಾ ಅಂತ ನೋಡ್ತೀನಿ ಮೇಡಂ" ಎಂದರು.

ದಿನವೂ ಬಳಸುವ ಒಂದು ಓಪನ್ ಸೋರ್ಸ್ ಲೈಬ್ರರಿಗೆ (ಯಾರು ಬೇಕಾದರೂ ಬಳಸಿ ತಿದ್ದಬಹುದಾದ ಸಿದ್ಧ ಕೋಡಿಗೆ) ಅವರು ಪುಲ್ ರಿಕ್ವೆಸ್ಟ್, ಅಂದರೆ ತಮ್ಮ ಬದಲಾವಣೆಯನ್ನು ಸೇರಿಸಿಕೊಳ್ಳಿ ಎಂಬ ಕೋರಿಕೆ, ಕಳಿಸಿದ್ದರು. ಮೂರು ವಾರ ಶನಿವಾರ ಭಾನುವಾರ ಕೂತು ಬರೆದದ್ದು, ಸುಮಾರು 1,400 ಸಾಲು. ಒಂದು ಬಗ್ ಸರಿಪಡಿಸಲು ಹೊರಟವರು ಪಕ್ಕದಲ್ಲಿ ಕಂಡ ಹಳೆಯ ಕೋಡನ್ನೂ ಒಪ್ಪ ಮಾಡಿ, ಫಂಕ್ಷನ್‌ಗಳ ಹೆಸರು ಬದಲಿಸಿ, ಫೈಲುಗಳನ್ನು ಬೇರೆ ಕಡೆಗೆ ಸರಿಸಿಟ್ಟಿದ್ದರು. 19 ದಿನ ಯಾರೂ ಮಾತಾಡಲಿಲ್ಲ. ಮರುದಿನ ಲೈಬ್ರರಿಯನ್ನು ನೋಡಿಕೊಳ್ಳುವ ಮೇಂಟೇನರ್‌ಗಳು ಎರಡು ವಾಕ್ಯ ಬರೆದು, ಸೇರಿಸಿಕೊಳ್ಳದೆ ಅದನ್ನು ಮುಚ್ಚಿದರು. ಈಕೆ ಕ್ಷಮೆ ಕೇಳಿ ಉದ್ದನೆಯ ಕಮೆಂಟ್ ಹಾಕಿ, ಅದೇ ರಾತ್ರಿ ತಮ್ಮ ಫೋರ್ಕನ್ನೇ (ಲೈಬ್ರರಿಯ ತಮ್ಮ ನಕಲನ್ನೇ) ಅಳಿಸಿಬಿಟ್ಟರು. ಎರಡು ತಿಂಗಳಿಂದ ನಡುರಾತ್ರಿ ಹುಡುಕುತ್ತಿದ್ದುದು ಆ ಕಮೆಂಟಿಗೆ ಬರಬೇಕಾದ ಉತ್ತರವನ್ನು.

"ಮುಚ್ಚುವಾಗ ಏನಂತ ಬರೆದಿದ್ದರು?"

"ನಿಮ್ಮಂಥವರ ಕೆಲಸ ಇಲ್ಲಿ ಬೇಡ ಅಂತ."

ತೆಗೆದು ಜೋರಾಗಿ ಓದಿ ಎಂದೆ. ಓದಿದರು. ಇಷ್ಟು ದೊಡ್ಡ ಬದಲಾವಣೆಯನ್ನು ಪರಿಶೀಲಿಸಲು ನಮಗೆ ಆಗುವುದಿಲ್ಲ. ದಯವಿಟ್ಟು ಮೊದಲು ಇಶ್ಯೂ ತೆರೆದು ಚರ್ಚಿಸಿ, ಬಿಡಿಬಿಡಿಯಾಗಿ ಕಳಿಸಿ. ಅಷ್ಟೇ ಇತ್ತು. (ಇಶ್ಯೂ ಎಂದರೆ ತೊಂದರೆ ಅಥವಾ ಸಲಹೆಯನ್ನು ಬರೆದು ಚರ್ಚಿಸುವ ಪುಟ.) ಓದಿ ಮುಗಿಸಿದವರು ಪರದೆಯಿಂದ ಕಣ್ಣು ತೆಗೆಯಲಿಲ್ಲ. 'ಕಳಿಸಿ' ಎಂಬ ಮಾತನ್ನು ಅವರು ಅಲ್ಲಿ ನೋಡಿದ್ದು ಅದೇ ಮೊದಲು.

ಅವಮಾನದ ಭಯವಿದ್ದಾಗ ಮನಸ್ಸು ಬರೆದದ್ದನ್ನು ಬಿಟ್ಟು ತನಗೆ ಅಂಜಿಕೆಯಿದ್ದುದನ್ನೇ ಓದುತ್ತದೆ. ಅದಕ್ಕೇ ಮೊದಲ ವಾರಕ್ಕೆ ಮೂರು ಚಿಕ್ಕ ಕೆಲಸ ಕೊಟ್ಟೆ. ಮಲಗುವ ಕೋಣೆಯಲ್ಲಿ ಫೋನ್ ಇರಕೂಡದು. ನೋಟಿಫಿಕೇಶನ್ ನೋಡುವುದು ದಿನಕ್ಕೆ ಎರಡು ಸಲ, ಗೊತ್ತಾದ ಹೊತ್ತಿನಲ್ಲಿ. ಮನಸ್ಸು ನೊಂದ ಸಂದೇಶ ಬಂದಾಗ ಹಾಳೆಯ ಎಡಕ್ಕೆ ಕಳಿಸಿದವರು ಬರೆದ ಮಾತನ್ನು ಇದ್ದಹಾಗೆ, ಬಲಕ್ಕೆ ತನಗೆ ಕೇಳಿಸಿದ್ದನ್ನು ಬರೆಯಬೇಕು.

ಎರಡನೆಯ ಭೇಟಿಯ ಬಹುಪಾಲು ಮೇಂಟೇನರ್‌ಗಳ ಬಗ್ಗೆಯೇ ಹೋಯಿತು. ಈ ವೃತ್ತಿಗೆ ಬರುವ ಮುನ್ನ ನಾನೂ ಕೆಲವು ವರ್ಷ ಕೋಡ್ ಬರೆದವಳು, ಹಾಗಾಗಿ ಆ ಕಡೆಯ ಕಷ್ಟ ಸ್ವಲ್ಪ ಗೊತ್ತು. ಎಕ್ಸ್‌ಜೆಡ್ ಎಂಬ ಫೈಲ್ ಕುಗ್ಗಿಸುವ ತಂತ್ರಾಂಶದ ಕಥೆ ಹೇಳಿದೆ. ಅದನ್ನು ಮುಖ್ಯವಾಗಿ ಒಬ್ಬರೇ, ಸಂಬಳವಿಲ್ಲದೆ ನೋಡಿಕೊಳ್ಳುತ್ತಿದ್ದರು. ಕೆಲಸ ನಿಧಾನವಾಯಿತೆಂದು ಕೆಲವರು ಸಂದೇಶದ ಮೇಲೆ ಸಂದೇಶ ಬರೆದು ಒತ್ತಾಯಿಸಿದರು. ಅದೇ ಹೊತ್ತಿಗೆ ನೆರವಿಗೆಂದು ಬಂದ ಒಂದು ಖಾತೆ ಎರಡು ವರ್ಷಕ್ಕೂ ಹೆಚ್ಚು ಕಾಲ ಒಳ್ಳೆಯ ಕೆಲಸ ಮಾಡಿ ನಂಬಿಕೆ ಗಳಿಸಿತು, ಕೊನೆಗೆ 2024ರಲ್ಲಿ ಗುಟ್ಟಾಗಿ ಒಳನುಗ್ಗಲು ಒಂದು ಹಿಂಬಾಗಿಲನ್ನು ಸೇರಿಸಿತು. ಲಾಗಿನ್ ಅರ್ಧ ಸೆಕೆಂಡಿನಷ್ಟು ತಡವಾಗುತ್ತಿದೆಯಲ್ಲ ಎಂದು ಬೆನ್ನುಹತ್ತಿದ ಆಂಡ್ರೆಸ್ ಫ್ರಾಯಿಂಡ್ ಎಂಬ ಎಂಜಿನಿಯರ್ ಅದನ್ನು ಪತ್ತೆಹಚ್ಚಿದರು.

"ಈಗ ಹೇಳಿ, ಗುರುತಿಲ್ಲದವರೊಬ್ಬರು ಒಮ್ಮೆಲೇ 1,400 ಸಾಲು ಕಳಿಸಿದರೆ ನೀವೇನು ಮಾಡ್ತಿದ್ರಿ?"

"ಪ್ರತಿ ಸಾಲನ್ನೂ ಓದಬೇಕಲ್ವಾ" ಎಂದರು. ಆಮೇಲೆ ಅವರೇ, "ಸೇರಿಸಿಕೊಂಡ ಮೇಲೆ ಅದನ್ನ ಸಾಕೋದೂ ಅವರೇ" ಎಂದು ಸೇರಿಸಿದರು. ಆ ಮಾತು ಅವರ ಬಾಯಿಂದಲೇ ಬಂದದ್ದು ನನಗೆ ತುಂಬ ಸಮಾಧಾನ ಕೊಟ್ಟಿತು.

ಎರಡು ವಾರ ಕೋಡ್ ಬರೆಯಬೇಡಿ ಎಂದೆ. ಓದಿ. ಮೊದಲು ಪ್ರಾಜೆಕ್ಟಿನ ಪರಿಚಯವಿರುವ ರೀಡ್‌ಮಿ, ಆಮೇಲೆ ಕೊಡುಗೆಯ ನಿಯಮಗಳಿರುವ ಕಾಂಟ್ರಿಬ್ಯೂಟಿಂಗ್ ಎಂಬ ಫೈಲು. ಟೆಸ್ಟ್ ಓಡಿಸುವುದು ಹೇಗೆ, ಯಾವ ಬ್ರಾಂಚಿಗೆ (ಕೋಡಿನ ಕವಲಿಗೆ) ಕಳಿಸಬೇಕು, ಕಮಿಟ್ ಸಂದೇಶ (ಉಳಿಸಿದ ಪ್ರತಿ ಬದಲಾವಣೆಯ ಜೊತೆಗಿನ ಟಿಪ್ಪಣಿ) ಹೇಗಿರಬೇಕು ಎಂಬುದೆಲ್ಲ ಸಾಮಾನ್ಯವಾಗಿ ಅಲ್ಲೇ ಇರುತ್ತದೆ. ಜೊತೆಗೆ ಹೊಸಬರು ಈಚೆಗೆ ಕಳಿಸಿದ ಹತ್ತು ಪುಲ್ ರಿಕ್ವೆಸ್ಟ್ ತೆಗೆದು, ಉತ್ತರಕ್ಕೆ ಎಷ್ಟು ದಿನ ಹಿಡಿಯಿತು, ಬೇಡವೆಂದಾಗ ಯಾವ ದನಿಯಲ್ಲಿ ಹೇಳಿದರು ಎಂದು ಗುರುತುಹಾಕಿಕೊಳ್ಳಬೇಕು. ಈಕೆ ಲೆಕ್ಕ ಹಾಕಿ ತಂದರು. ಅಲ್ಲಿ ಮೊದಲ ಉತ್ತರಕ್ಕೆ ಮೂರು ವಾರ ಆಗುವುದು ಮಾಮೂಲು. ತನ್ನ 19 ದಿನ ತನಗೊಬ್ಬಳಿಗೇ ಕೊಟ್ಟ ಶಿಕ್ಷೆ ಎಂದುಕೊಂಡಿದ್ದವರಿಗೆ ಆ ಪಟ್ಟಿ ನನ್ನ ಯಾವ ಮಾತಿಗಿಂತಲೂ ಹೆಚ್ಚು ಕೆಲಸ ಮಾಡಿತು.

ನಂತರದ ಹೆಜ್ಜೆ, ಯಾರೋ ಬರೆದಿಟ್ಟ ಬಗ್ ಒಂದನ್ನು ತನ್ನ ಕಂಪ್ಯೂಟರಿನಲ್ಲಿ ಮತ್ತೆ ಬರಿಸಿ ನೋಡುವುದು. ಯಾವ ಆವೃತ್ತಿ, ಯಾವ ಆಪರೇಟಿಂಗ್ ಸಿಸ್ಟಮ್, ಏನೇನು ಮಾಡಿದೆ, ಏನಾಗಬೇಕಿತ್ತು, ಏನಾಯಿತು, ಇಷ್ಟನ್ನು ಬರೆದರೆ ಸಾಕು. ಎಂಟು ತಿಂಗಳ ಹಳೆಯ ಇಶ್ಯೂ ಒಂದು ಹೊಸ ಆವೃತ್ತಿಯಲ್ಲಿ ಬರುತ್ತಲೇ ಇರಲಿಲ್ಲ. ಹಾಗೆಂದು ಬರೆದರು. ಮರುದಿನವೇ ಮೇಂಟೇನರ್ ಧನ್ಯವಾದ ಹೇಳಿ ಅದನ್ನು ಮುಚ್ಚಿದರು. ಒಂದು ಸಾಲು ಕೋಡಿಲ್ಲದೆ ಒಬ್ಬರ ಹೊರೆ ಇಳಿಸಿದ್ದರು. ಇದನ್ನು ಕೊಡುಗೆ ಎಂದು ಎಣಿಸದವರು ಮೇಂಟೇನರ್‌ಗಳ ಇಶ್ಯೂ ಪಟ್ಟಿಯ ಉದ್ದ ನೋಡಿರುವುದಿಲ್ಲ.

ಮಧ್ಯೆ ಒಂದು ವಾರ ಎಲ್ಲ ನಿಲ್ಲಿಸಬೇಕಾಯಿತು. ಕೆಲಸದ ಒಪ್ಪಂದದಲ್ಲಿ, ಬಿಡುವಿನ ವೇಳೆಯಲ್ಲಿ ಬರೆದದ್ದರ ಹಕ್ಕೂ ಕಂಪನಿಯದೇ ಎಂಬ ಷರತ್ತು ಇದೆಯೇ ಎಂದು ಕೇಳಿದಾಗ ಅವರಿಗೆ ಗೊತ್ತಿರಲಿಲ್ಲ. ಇತ್ತು. ಲಿಖಿತ ಅನುಮತಿ ತೆಗೆದುಕೊಂಡ ಮೇಲೆಯೇ ಮುಂದುವರಿಯಿರಿ ಎಂದು ಖಡಾಖಂಡಿತವಾಗಿ ಹೇಳಿದೆ. ಲಿನಕ್ಸ್ ಎಂಬ ಆಪರೇಟಿಂಗ್ ಸಿಸ್ಟಮ್‌ನ ತಿರುಳಾದ ಕರ್ನೆಲ್‌ನಲ್ಲಿ 2004ರಿಂದ, ಈ ಕೋಡ್ ಕೊಡುವ ಹಕ್ಕು ನನಗಿದೆ ಎಂದು ಪ್ರತಿಯೊಬ್ಬರೂ ಕಮಿಟ್‌ನಲ್ಲಿ ಸಹಿ ಸಾಲು ಸೇರಿಸುವ ಪದ್ಧತಿ ಇದೆ. ಈಗ ಬೇರೆ ಹಲವು ಪ್ರಾಜೆಕ್ಟ್‌ಗಳೂ ಅದನ್ನು ಕೇಳುತ್ತವೆ. ಅದರ ಕೆಳಗೆ ಹೆಸರು ಹಾಕುವವರಿಗೆ ಆ ಹಕ್ಕು ನಿಜಕ್ಕೂ ಇರಬೇಕು.

ಅನುಮತಿ ಸಿಕ್ಕ ಮೇಲೆ ಇನ್‌ಸ್ಟಾಲ್ ಮಾಡುವ ವಿವರಣೆಯಲ್ಲಿ ಬಿಟ್ಟುಹೋಗಿದ್ದ ಒಂದು ಹಂತವನ್ನು ಸೇರಿಸಿದರು. ಆಮೇಲೆ ಮೊದಲಿನ ಆ ಬಗ್. ಈ ಸಲ ಇಶ್ಯೂನಲ್ಲಿ, ಹೀಗೆ ಮಾಡಬೇಕೆಂದಿದ್ದೇನೆ, ಆಗಬಹುದೇ ಎಂದು ಕೇಳಿ, ಹೂಂ ಎಂದ ಮೇಲೆ ಹೊಸ ಬ್ರಾಂಚಿನಲ್ಲಿ ಬರೆದರು. ಆರು ಸಾಲು ಕೋಡ್, ಇಪ್ಪತ್ತು ಸಾಲು ಟೆಸ್ಟ್.

ರಿವ್ಯೂನಲ್ಲಿ ನಾಲ್ಕು ಕಮೆಂಟ್ ಬಂದವು, ಅವರು ಕೈ ನಡುಗುತ್ತಲೇ ನನ್ನ ಮುಂದೆ ತೆರೆದರು. ಹಾಳೆಯ ಎಡಕ್ಕೆ: 'ಈ ವೇರಿಯಬಲ್‌ಗೆ ಬೇರೆ ಹೆಸರಿಟ್ಟರೆ ಸ್ಪಷ್ಟ.' ಬಲಕ್ಕೆ: 'ನನಗೆ ಬರೆಯಲು ಬರುವುದಿಲ್ಲ.' ಹೀಗೆ ಮೂರು. ನಾಲ್ಕನೆಯದಕ್ಕೆ ಬಲಗಡೆ ಖಾಲಿ ಬಿಟ್ಟು, "ಇದರಲ್ಲಿ ಅವರೇ ತಪ್ಪು ಅನ್ಸತ್ತೆ ಮೇಡಂ" ಎಂದರು. ಹಾಗಿದ್ದರೆ ಕಾರಣ ಕೊಟ್ಟು ಬರೆಯಿರಿ ಎಂದೆ. ಬರೆದರು. ಮೇಂಟೇನರ್ ಒಪ್ಪಿಕೊಂಡರು.

ಯಾರಾದರೂ ನಿಜವಾಗಿಯೂ ಒರಟಾಗಿ ಮಾತಾಡಿದರೆ ಏನು ಮಾಡಲಿ ಎಂದೂ ಕೇಳಿದ್ದರು. ಅದು ಬರೀ ಮನಸ್ಸಿನ ಕಲ್ಪನೆ ಎಂದು ನಾನು ಹೇಳಲಾರೆ. ಲಿನಕ್ಸ್ ಶುರುಮಾಡಿದ ಲೀನಸ್ ಟೊರ್ವಾಲ್ಡ್ಸ್ ಅವರೇ 2018ರ ಸೆಪ್ಟೆಂಬರ್‌ನಲ್ಲಿ ತಮ್ಮ ಕಟುವಾದ ಇಮೇಲ್‌ಗಳಿಗೆ ಬಹಿರಂಗವಾಗಿ ಕ್ಷಮೆ ಕೇಳಿ ಕೆಲ ಕಾಲ ಕೆಲಸದಿಂದ ದೂರ ಉಳಿದಿದ್ದರು. ಆ ಯೋಜನೆ ನಡವಳಿಕೆಯ ನಿಯಮಾವಳಿಯನ್ನು ಅಳವಡಿಸಿಕೊಂಡದ್ದೂ ಆಗಲೇ. ಅಂಥ ನಿಯಮಾವಳಿ ಇದೆಯೇ, ದೂರನ್ನು ಯಾರಿಗೆ ಕೊಡಬೇಕು ಎಂದು ಮೊದಲೇ ನೋಡಿಟ್ಟುಕೊಳ್ಳಿ. ಕೆಲಸದ ಬಗ್ಗೆ ಹೇಳಿದರೆ ಕೇಳಿ, ನಿಮ್ಮ ಬಗ್ಗೆ ಹೇಳಿದರೆ ದೂರು ಕೊಡಿ, ಬೇಕೆನಿಸಿದರೆ ಅಲ್ಲಿಂದ ಎದ್ದು ಬನ್ನಿ.

ಆರನೆಯ ಭೇಟಿಯ ಹೊತ್ತಿಗೆ ನಿದ್ದೆ ಸುಧಾರಿಸಿತ್ತು. ಆರು ಸಾಲಿನ ತಿದ್ದುಪಡಿ ಸೇರಿಕೊಂಡಿತ್ತು. ಅದರ ಬೆನ್ನಿಗೇ ಕಳಿಸಿದ ಇನ್ನೊಂದು ಮೂರು ವಾರದಿಂದ ಉತ್ತರವಿಲ್ಲದೆ ಕೂತಿದೆ ಎಂದು, ಹೊರಡುವಾಗ ಚಪ್ಪಲಿ ಮೆಟ್ಟುತ್ತಾ ಹೇಳಿದರು. ಒಂದು ಸಲ ನೆನಪಿಸಿದ್ದೇನೆ, ಅಷ್ಟರಲ್ಲಿ ಇನ್ನೊಬ್ಬರ ಬಗ್ ನೋಡುತ್ತಿದ್ದೇನೆ ಎಂದರು. ಎರಡು ತಿಂಗಳು ಬಿಟ್ಟು ಒಮ್ಮೆ ಬಂದು ಹೋಗಲು ಹೇಳಿದ್ದೇನೆ.