ಅಮ್ಮ ಮಾತ್ರೆ ಬಿಟ್ಟಿದ್ದಾಳೆ, ಯಾರಿಗೂ ಹೇಳಬೇಡ ಅಂದಿದ್ದಾಳೆ

ಪ್ರಶ್ನೆ: ನನ್ನ ಅಮ್ಮನಿಗೆ 59 ವರ್ಷ. ಊರು ತೀರ್ಥಹಳ್ಳಿ ಹತ್ತಿರ. ಮೂರು ವರ್ಷದ ಹಿಂದೆ ಸ್ತನ ಕ್ಯಾನ್ಸರ್ ಆಗಿ ಆಪರೇಷನ್, ಕೀಮೋ, ರೇಡಿಯೇಷನ್ ಎಲ್ಲ ಮುಗಿಯಿತು. ಆಮೇಲೆ ದಿನಕ್ಕೊಂದು ಲೆಟ್ರೊಜೋಲ್ ಮಾತ್ರೆ, ಐದು ವರ್ಷ ತಗೋಬೇಕು ಅಂದರು. ಕಳೆದ ತಿಂಗಳು ಊರಿಗೆ ಹೋದಾಗ ಬೀರುವಿನಲ್ಲಿ ಸೀರೆಗಳ ಕೆಳಗೆ ಒಂದೂ ಒಡೆಯದ ಸ್ಟ್ರಿಪ್‌ಗಳು ಸಿಕ್ಕವು. ಐದು ತಿಂಗಳಿಂದ ತಗೊಂಡಿಲ್ಲವಂತೆ. "ಬೆಳಗಾದರೆ ಬೆರಳು ಮಡಚೋಕಾಗಲ್ಲ, ರೊಟ್ಟಿ ತಟ್ಟೋಕಾಗಲ್ಲ. ಮುಟ್ಟು ನಿಂತು ಹತ್ತು ವರ್ಷ ಆಯ್ತು, ಇನ್ನೆಲ್ಲಿಯ ಹಾರ್ಮೋನು? ಪಕ್ಕದ ಮನೆ ಸೊಸೆಗೆ ಮಕ್ಕಳಾಗಲಿ ಅಂತ ಕೊಟ್ಟಿದ್ದೂ ಇದೇ ಮಾತ್ರೆ" ಅಂತಾಳೆ. ಡಾಕ್ಟರ ಹತ್ತಿರ "ತಗೋತಾ ಇದೀನಿ" ಅಂತ ಸುಳ್ಳು ಹೇಳಿ ಬಂದಿದ್ದಾಳೆ. ಅಪ್ಪನಿಗೆ, ಅಣ್ಣನಿಗೆ ಹೇಳಬೇಡ ಅಂತ ಆಣೆ ಹಾಕಿಸಿಕೊಂಡಿದ್ದಾಳೆ. ನಾನು ಮೈಸೂರಲ್ಲಿ ಕೆಲಸದಲ್ಲಿದ್ದೇನೆ. ದಿನಾ ರಾತ್ರಿ ಫೋನ್ ಮಾಡಿ "ಮಾತ್ರೆ ತಗೊಂಡ್ಯಾ" ಅಂತ ಕೇಳ್ತೀನಿ. ದಿನಾ ಜಗಳ. ಆಣೆ ಮುರಿದು ಡಾಕ್ಟರಿಗೆ ಫೋನ್ ಮಾಡಿಬಿಡಲಾ?
ಹೆಸರು ಬೇಡ, ಮೈಸೂರು

ಉತ್ತರ: ಡಾಕ್ಟರಿಗೆ ಕದ್ದು ಫೋನ್ ಮಾಡಬೇಡಿ. ಇವತ್ತಂತೂ ಬೇಡ. ಡಾಕ್ಟರಿಗೆ ವಿಷಯ ಗೊತ್ತಾಗಲೇಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ಅದು ಅಮ್ಮನ ಬಾಯಿಂದಲೇ ಬರಬೇಕು. ಅಲ್ಲಿಗೆ ಅವರನ್ನು ಹೇಗೆ ಕರೆದೊಯ್ಯೋದು ಅನ್ನೋದೇ ನಿಮ್ಮ ನಿಜವಾದ ಪ್ರಶ್ನೆ ಅಂದುಕೊಂಡು ಉತ್ತರಿಸುತ್ತೇನೆ.

ಮೊದಲು ರಾತ್ರಿ ಫೋನಿನಲ್ಲಿ ಮಾತ್ರೆ ವಿಚಾರಿಸೋದನ್ನು ನಿಲ್ಲಿಸಿ. ಫೋನ್ ಮಾಡಿ, ಬೇರೆ ಏನಾದರೂ ಮಾತಾಡಿ. ಮಾತ್ರೆ ವಿಷಯ ಒಂದು ವಾರ ಎತ್ತಬೇಡಿ. ನೆನಪು ಮಾಡೋದು ಮರೆತವರಿಗೆ. ನಿಮ್ಮ ಅಮ್ಮ ಮರೆತಿಲ್ಲ, ಯೋಚನೆ ಮಾಡಿಯೇ ಬಿಟ್ಟಿದ್ದಾರೆ. ಅಮೆರಿಕದಲ್ಲಿ ಇದನ್ನೇ ಪರೀಕ್ಷೆ ಮಾಡಿ ನೋಡಿದ್ದರು. ಇಂಥದ್ದೇ ಮಾತ್ರೆ ತಗೊಳ್ಳುವ 724 ಹೆಂಗಸರಲ್ಲಿ ಅರ್ಧದಷ್ಟು ಜನರ ಫೋನಿಗೆ ವಾರಕ್ಕೆ ಎರಡು ಸಲದಂತೆ ಮೂರು ವರ್ಷ ಮೆಸೇಜ್ ಕಳಿಸಿದರು. 2020ರಲ್ಲಿ ಫಲಿತಾಂಶ ಬಂತು: ಮೆಸೇಜ್ ಬಂದವರಿಗೂ ಬಾರದವರಿಗೂ ಹೇಳಿಕೊಳ್ಳುವಂಥ ವ್ಯತ್ಯಾಸವೇ ಇರಲಿಲ್ಲ. ಅಷ್ಟು ದೊಡ್ಡ ವ್ಯವಸ್ಥೆಯಿಂದ ಆಗದ್ದು ನಿಮ್ಮ ಜಗಳದಿಂದ ಆಗುತ್ತಾ?

ಮಾತ್ರೆ ಬಿಟ್ಟವರಲ್ಲಿ ನಿಮ್ಮ ಅಮ್ಮ ಒಬ್ಬರೇ ಏನಲ್ಲ. ಕ್ಯಾಲಿಫೋರ್ನಿಯಾದಲ್ಲಿ 8,769 ಹೆಂಗಸರ ಔಷಧಿ ದಾಖಲೆ ನೋಡಿ 2010ರಲ್ಲಿ ಒಂದು ವರದಿ ಬಂತು. ಹೇಳಿದಷ್ಟು ಕಾಲ, ಹೇಳಿದ ಹಾಗೆ ಮಾತ್ರೆ ತಗೊಂಡವರು 49% ಮಾತ್ರ. ಓದು ಬರಹ, ಇನ್ಶೂರೆನ್ಸ್, ಹತ್ತಿರದಲ್ಲೇ ಆಸ್ಪತ್ರೆ ಎಲ್ಲ ಇದ್ದ ಊರಿನ ಕಥೆ ಇದು. ಹಾಗಾಗಿ "ಅಮ್ಮನಿಗೆ ತಿಳುವಳಿಕೆ ಇಲ್ಲ" ಅನ್ನೋ ಸಿಟ್ಟನ್ನು ದಯವಿಟ್ಟು ಪಕ್ಕಕ್ಕಿಡಿ.

ನನಗಂತೂ ಅವರ ಪ್ರಶ್ನೆ ತುಂಬ ಹಿಡಿಸಿತು. ಮುಟ್ಟು ನಿಂತ ಮೇಲೆ ಇನ್ನೆಲ್ಲಿಯ ಹಾರ್ಮೋನು? ಎಷ್ಟು ಸರಿಯಾದ ಪ್ರಶ್ನೆ! ಇದಕ್ಕೆ ಯಾರೂ ಕೂತು ಉತ್ತರ ಹೇಳಿಲ್ಲ ಅಂತ ಕಾಣುತ್ತೆ. ಮುಟ್ಟು ನಿಂತ ಮೇಲೆ ಅಂಡಾಶಯ ಕೆಲಸ ನಿಲ್ಲಿಸುತ್ತದೆ, ನಿಜ. ಆದರೆ ಮೈಯ ಕೊಬ್ಬು, ಸ್ನಾಯು, ಇಂಥ ಕಡೆ ಈಸ್ಟ್ರೊಜೆನ್ ಅನ್ನೋ ಹೆಣ್ಣಿನ ಹಾರ್ಮೋನು ಸ್ವಲ್ಪ ಸ್ವಲ್ಪ ತಯಾರಾಗುತ್ತಲೇ ಇರುತ್ತದೆ. ಅದನ್ನು ತಯಾರಿಸುವ ಕಿಣ್ವದ ಹೆಸರು ಅರೊಮಟೇಸ್. ಲೆಟ್ರೊಜೋಲ್ ಅದನ್ನೇ ತಡೆಯುತ್ತದೆ. ನಿಮ್ಮ ಅಮ್ಮನಿಗೆ ಬಂದಿದ್ದು ಈಸ್ಟ್ರೊಜೆನ್ ಸಿಕ್ಕರೆ ಬೆಳೆಯುವ ಜಾತಿಯ ಗಡ್ಡೆ. ರಿಪೋರ್ಟಿನಲ್ಲಿ 'ಇಆರ್ ಪಾಸಿಟಿವ್' ಅಂತ ಬರೆದಿರುತ್ತದೆ, ತೆಗೆದು ನೋಡಿ. ಹಾಗಿಲ್ಲದಿದ್ದರೆ ಈ ಮಾತ್ರೆ ಕೊಡುತ್ತಲೇ ಇರಲಿಲ್ಲ.

ಪಕ್ಕದ ಮನೆ ಸೊಸೆಯ ವಿಷಯವೂ ಸುಳ್ಳಲ್ಲ. ಇದೇ ಮಾತ್ರೆಯನ್ನು ಮಕ್ಕಳಾಗಲು ಕೊಡುತ್ತಾರೆ. ಅಲ್ಲಿ ಮುಟ್ಟಿನ ಶುರುವಿನಲ್ಲಿ ಸಾಮಾನ್ಯವಾಗಿ ಐದು ದಿನ. ಈಸ್ಟ್ರೊಜೆನ್ ಕಡಿಮೆ ಆಗಿದ್ದು ಮಿದುಳಿಗೆ ಗೊತ್ತಾಗಿ ಅದು ಅಂಡಾಶಯವನ್ನು ಚುರುಕು ಮಾಡುತ್ತದೆ. ಚುರುಕಾಗುವ ಕಾಲ ಮುಗಿದ ಅಮ್ಮನಂಥವರಲ್ಲಿ ಹಾರ್ಮೋನ್ ಇಳಿಯುತ್ತದೆ, ಅಷ್ಟೇ. ಈ ವಯಸ್ಸಿನಲ್ಲಿ ಮಕ್ಕಳಾಗುವ ಮಾತ್ರೆಯಾ ಅಂತ ಮೆಡಿಕಲ್ ಶಾಪಿನ ಹುಡುಗರು ವಿಚಿತ್ರವಾಗಿ ನೋಡಿದರೆ ಈ ಚೀಟಿ ಕೊಡಲಿಕ್ಕೇ ಮುಜುಗರ ಆಗಬಹುದು. ಅಮ್ಮನಿಗೂ ಹಾಗಾಗಿದ್ದರೆ ಆಶ್ಚರ್ಯವಿಲ್ಲ.

ಬಿಪಿ ಮಾತ್ರೆಯಾದರೆ ಅಳೆದು ನೋಡಬಹುದು. ಈ ಮಾತ್ರೆ ಕೆಲಸ ಮಾಡುತ್ತಿದೆ ಅಂತ ಮನೆಯಲ್ಲಿ ಕೂತವರಿಗೆ ಯಾವ ಗುರುತೂ ಕಾಣಲ್ಲ. ಕಾಣೋದು ನೋವು ಮಾತ್ರ. ಬಿಟ್ಟರೆ ಕೆಲವು ವಾರಗಳಲ್ಲಿ ನೋವೂ ಕಡಿಮೆ. ಮತ್ತೆ ಯಾಕೆ ತಗೊಳ್ಳಬೇಕು ಅಂತ ಅನ್ನಿಸದೆ ಇರುತ್ತಾ? ನಿಮ್ಮ ಕಡೆ ಅಡಿಕೆ ತೋಟ ಇರುವವರಿಗೆ ಇದನ್ನು ಹೇಳೋದು ಸುಲಭ. ಅಡಿಕೆಗೆ ಕೊಳೆ ರೋಗ ಕಂಡ ಮೇಲೆ ಔಷಧಿ ಹೊಡೆಸಲ್ಲ, ಮಳೆ ಹಿಡಿಯುವ ಮೊದಲೇ ಹೊಡೆಸುತ್ತಾರೆ. ಒಂದು ಸಲ ಹೊಡೆಸಿ ಸುಮ್ಮನಾಗೋದೂ ಇಲ್ಲ. ಈ ಮಾತು ನಿಮ್ಮ ಬಾಯಿಂದ ಬೇಕಾಗಿಲ್ಲ, ಅಮ್ಮನಿಗೇ ಗೊತ್ತಿರುವ ಲೆಕ್ಕ ಇದು.

ಈ ಜಾತಿಯ ಮಾತ್ರೆಗಳನ್ನು ಐದು ವರ್ಷ ತಗೊಂಡರೆ, ಯಾವ ಹಾರ್ಮೋನ್ ಚಿಕಿತ್ಸೆಯನ್ನೂ ತಗೊಳ್ಳದವರಿಗಿಂತ, ಮೊದಲ ಹತ್ತು ವರ್ಷದಲ್ಲಿ ಸ್ತನ ಕ್ಯಾನ್ಸರಿನಿಂದ ಸಾಯುವ ಅಪಾಯ ಸುಮಾರು 40% ಕಡಿಮೆ ಆಗುತ್ತದೆ. 2015ರಲ್ಲಿ ಹಲವು ದೇಶಗಳ ಅಧ್ಯಯನಗಳನ್ನು ಒಟ್ಟು ಸೇರಿಸಿ ತೆಗೆದ ಲೆಕ್ಕ ಅದು. ಸಣ್ಣ ಲಾಭವಲ್ಲ. ಆದರೆ ಇದನ್ನು ಹೇಳಿ ಅಮ್ಮನನ್ನು ಹೆದರಿಸಬೇಡಿ. ಕೀಮೋ ಮುಗಿಸಿ ಬಂದವರಿಗೆ ಸಾವಿನ ಹೆದರಿಕೆ ಹೊಸದಾಗಿ ಕಲಿಸಬೇಕಾಗಿಲ್ಲ.

ಈಗ ನೋವಿನ ಮಾತು. ಇದನ್ನೇ ನೀವು ನಿಧಾನವಾಗಿ ಓದಬೇಕು.

ಬೆಳಿಗ್ಗೆ ಎದ್ದಾಗ ಬೆರಳು ಮರಗಟ್ಟಿದ ಹಾಗಿರೋದು, ಮಣಿಕಟ್ಟು, ಮಂಡಿ ನೋವು, ಸ್ವಲ್ಪ ಓಡಾಡಿದ ಮೇಲೆ ಸಡಿಲವಾಗೋದು. ಇದು ಲೆಟ್ರೊಜೋಲ್ ತಗೊಳ್ಳುವವರಲ್ಲಿ ತೀರಾ ಸಾಮಾನ್ಯ. ಸುಮಾರು ಅರ್ಧದಷ್ಟು ಜನ ಹೇಳಿಕೊಳ್ಳುತ್ತಾರೆ. "ವಯಸ್ಸಾಯ್ತಲ್ಲ, ಎಲ್ಲರಿಗೂ ಬರುತ್ತೆ" ಅಂತ ಮನೆಯಲ್ಲಿ ಯಾರಾದರೂ ಅಂದಿದ್ದಾರಾ? ನೀವೇ ಅಂದಿದ್ದೀರಾ? ಅಂದಿದ್ದರೆ ಅಮ್ಮ ಯಾಕೆ ಗುಟ್ಟು ಮಾಡಿದರು ಅಂತ ಅರ್ಥವಾಗುತ್ತೆ. ನೋವನ್ನು ನಂಬದವರ ಹತ್ತಿರ ಮಾತ್ರೆ ಬಿಟ್ಟೆ ಅಂತ ಯಾರು ಹೇಳ್ತಾರೆ?

ಇದಕ್ಕೆ ದಾರಿ ಇದೆ, ಒಂದಲ್ಲ, ಹಲವು. ಕೆಲವು ಡಾಕ್ಟರು ತಾವೇ ಎರಡು ಮೂರು ವಾರ ಮಾತ್ರೆ ನಿಲ್ಲಿಸಿ, ನೋವು ಇಳಿಯುತ್ತಾ ನೋಡಿ, ಆಮೇಲೆ ಅದೇ ಜಾತಿಯ ಬೇರೆ ಮಾತ್ರೆ ಕೊಡುತ್ತಾರೆ. ಅನಾಸ್ಟ್ರೊಜೋಲ್ ಮತ್ತು ಎಕ್ಸೆಮೆಸ್ಟೇನ್ ಅಂತ ಇನ್ನೆರಡು ಇವೆ. ಒಂದು ಆಗದವರಿಗೆ ಇನ್ನೊಂದು ಆಗಬಹುದು. ಅನಾಸ್ಟ್ರೊಜೋಲ್‌ನಿಂದ ಕೀಲು ನೋವು ತಾಳದೆ ಬಿಟ್ಟವರಿಗೆ ಲೆಟ್ರೊಜೋಲ್ ಕೊಟ್ಟು ನೋಡಿದ ಒಂದು ಅಧ್ಯಯನದಲ್ಲಿ ಹತ್ತರಲ್ಲಿ ಏಳು ಮಂದಿ ಆರು ತಿಂಗಳಾದರೂ ಬಿಡದೆ ತಗೊಂಡಿದ್ದರು. ನಿಮ್ಮ ಅಮ್ಮನದು ಉಲ್ಟಾ ದಾರಿ, ಆದರೂ ಕೇಳಲು ಯೋಗ್ಯ. ಅದೂ ಆಗದಿದ್ದರೆ ಟಮಾಕ್ಸಿಫೆನ್ ಇದೆ. ಅದು ಬೇರೆ ಬಗೆಯಲ್ಲಿ ಕೆಲಸ ಮಾಡುತ್ತದೆ, ಅದರ ತೊಂದರೆಗಳೂ ಬೇರೆ. ಕೀಲು ನೋವಿಗೆ ಅಂತಲೇ ಡ್ಯುಲೊಕ್ಸೆಟಿನ್ ಅನ್ನೋ ಮಾತ್ರೆ ಕೆಲವರಿಗೆ ಬರೆದುಕೊಡುತ್ತಾರೆ. ವಿಟಮಿನ್ ಡಿ ಎಷ್ಟಿದೆ ಅಂತ ರಕ್ತ ಪರೀಕ್ಷೆ, ಮೂಳೆ ಸವೆದಿದೆಯಾ ಅಂತ ಡೆಕ್ಸಾ ಸ್ಕ್ಯಾನ್ ಮಾಡಿಸಿದ್ದಾರಾ? ಈ ಮಾತ್ರೆ ಮೂಳೆಯನ್ನೂ ತೆಳ್ಳಗೆ ಮಾಡುತ್ತದೆ, ಅದನ್ನೂ ಕೇಳಿ.

ಇನ್ನೊಂದು ಕೇಳಿದರೆ ಅಮ್ಮ ನಗಬಹುದು. ವ್ಯಾಯಾಮ! ನೋವಿರುವ ಕೈಕಾಲಿಗೆ ವ್ಯಾಯಾಮ ಅಂದರೆ ಬೈದ ಹಾಗೆ ಕೇಳಿಸುತ್ತೆ, ಗೊತ್ತು. ಆದರೆ 2015ರ ಒಂದು ಅಧ್ಯಯನದಲ್ಲಿ ಇದೇ ಜಾತಿಯ ಮಾತ್ರೆಯಿಂದ ಕೀಲು ನೋವಿದ್ದ 121 ಹೆಂಗಸರಲ್ಲಿ ಒಂದು ಗುಂಪು ವಾರಕ್ಕೆ 150 ನಿಮಿಷ ಚುರುಕಾಗಿ ನಡೆಯೋದು, ಎರಡು ದಿನ ಭಾರ ಎತ್ತುವ ವ್ಯಾಯಾಮ ಅಂತ ವರ್ಷವಿಡೀ ಮಾಡಿತು. ಅವರ ಅತಿ ಜೋರಾದ ನೋವಿನ ಅಂಕ 29% ಇಳಿಯಿತು. ಮಾಡದವರದು ಚೂರು ಏರಿತು. ಮನೆಗೆಲಸ ಮಾಡ್ತೀನಲ್ಲ ಅಂತಾರೆ ಅಮ್ಮಂದಿರು. ಅದು ಬೇರೆ, ಇದು ಬೇರೆ. ಆಪರೇಷನ್ ಆದ ಕಡೆಯ ಕೈಯಲ್ಲಿ ಭಾರ ಎತ್ತುವ ಮೊದಲು ಮಾತ್ರ ಫಿಸಿಯೋಥೆರಪಿಯವರನ್ನು ಕೇಳಿಕೊಳ್ಳಲಿ.

ನೋವಿನ ಹಿಂದೆ ಅಮ್ಮ ಹೇಳದೆ ಇರೋದೂ ಇರಬಹುದು. ಮೈಯೆಲ್ಲ ದಗದಗ ಉರಿಯೋದು, ರಾತ್ರಿ ನಿದ್ದೆ ಇಲ್ಲದಿರೋದು, ಯೋನಿ ಒಣಗಿ ಉರಿಯೋದು. ಕೊನೆಯದನ್ನು ಮಗಳ ಹತ್ತಿರವೂ ಹೇಳಲ್ಲ, ಗಂಡಸು ಡಾಕ್ಟರ ಹತ್ತಿರವಂತೂ ಸಾಧ್ಯವೇ ಇಲ್ಲ. ಆಸ್ಪತ್ರೆಯಲ್ಲಿ ಲೇಡಿ ಡಾಕ್ಟರನ್ನೋ ಹಿರಿಯ ನರ್ಸನ್ನೋ ಒಬ್ಬರೇ ನೋಡುವಂತೆ ಕೇಳಿ. ಆಗ ನೀವು ಹೊರಗೆ ಕೂರಿ. ಹಾರ್ಮೋನ್ ಇರುವ ಕ್ರೀಮು, ಯಾರೋ ಹೇಳಿದ ಶತಾವರಿ ಲೇಹ್ಯ, ಇವನ್ನು ಡಾಕ್ಟರಿಗೆ ಹೇಳದೆ ಶುರು ಮಾಡೋದು ಬೇಡ.

ದುಡ್ಡಿನ ಚಿಂತೆ ಇದ್ದರೆ ಜನೌಷಧಿ ಕೇಂದ್ರದಲ್ಲಿ ಈ ಮಾತ್ರೆ ಕಡಿಮೆ ಬೆಲೆಗೆ ಸಿಗುತ್ತಾ ವಿಚಾರಿಸಿ.

ಇನ್ನು ಆಣೆ. ಅಪ್ಪ, ಅಣ್ಣನ ವಿಷಯದಲ್ಲಿ ಮಾತು ಉಳಿಸಿಕೊಳ್ಳಿ. ಅಮ್ಮ ನಿಮ್ಮನ್ನು ನಂಬಿ ನಿಜ ಹೇಳಿದ್ದಾರೆ. ಆ ನಂಬಿಕೆ ಹೋದರೆ ಮುಂದಿನ ಸಲ ಸ್ಟ್ರಿಪ್ ನಿಮಗೂ ಸಿಗದ ಕಡೆ ಇಡುತ್ತಾರೆ. ಆದರೆ ಡಾಕ್ಟರಿಗೆ ಸುಳ್ಳು ಹೇಳಿದ್ದನ್ನು ಹಾಗೇ ಬಿಡೋಕಾಗಲ್ಲ. ಮಾತ್ರೆ ತಗೋತಿದ್ದಾರೆ ಅಂತ ನಂಬಿಯೇ ಅವರು ಮುಂದಿನದನ್ನು ತೀರ್ಮಾನ ಮಾಡುತ್ತಾರೆ. ಅಮ್ಮನಿಗೆ ಹೀಗೆ ಹೇಳಿ ನೋಡಿ: "ಅಮ್ಮಾ, ನಿನ್ನ ನೋವು ನಿಜ. ಮಾತ್ರೆ ತಗೋ ಅಂತ ನಾನು ಇನ್ನು ಹೇಳಲ್ಲ. ಈ ನೋವಿಗೆ ಏನು ಮಾಡ್ತೀರಿ ಅಂತ ಡಾಕ್ಟರನ್ನು ಕೇಳೋಣ. ನಾನೂ ಜೊತೆಗೆ ಬರ್ತೀನಿ." ಮುಂದಿನ ಚೆಕಪ್‌ವರೆಗೆ ಕಾಯಬೇಡಿ, ಅದಕ್ಕಿಂತ ಮುಂಚೆಯೇ ಹೋಗಿ. ಡಾಕ್ಟರು ಬೈಯಬಹುದು ಅನ್ನೋ ಭಯ ಅಮ್ಮನಿಗೆ ಇದ್ದೇ ಇರುತ್ತೆ. ಒಂದು ಚೀಟಿಯಲ್ಲಿ ಬರೆದುಕೊಂಡು ಹೋಗಲಿ: ಯಾವಾಗ ಬಿಟ್ಟೆ, ಎಲ್ಲಿ ನೋವು, ಬಿಟ್ಟ ಮೇಲೆ ಎಷ್ಟು ಕಡಿಮೆ ಆಯ್ತು. ಬಾಯಿ ಬರದಿದ್ದರೆ ಚೀಟಿ ಕೊಟ್ಟರೂ ಸಾಕು.

ಐದು ತಿಂಗಳು ಬಿಟ್ಟಿದ್ದರಿಂದ ಎಲ್ಲ ಮುಗಿದೇ ಹೋಯ್ತು ಅಂತಲ್ಲ. ನಡುವೆ ಬಿಟ್ಟವರಿಗೆ ಮತ್ತೆ ಶುರು ಮಾಡಿಸುತ್ತಾರೆ. ಆದರೆ ಬಿಟ್ಟಿದ್ದನ್ನು ತುಂಬಿಸುತ್ತೇನೆ ಅಂತ ಒಂದರ ಬದಲು ಎರಡು ನುಂಗೋದು ಬೇಡವೇ ಬೇಡ.

ಇಷ್ಟೆಲ್ಲ ಆದ ಮೇಲೂ, ಎಲ್ಲ ತಿಳಿದುಕೊಂಡು, ಅಮ್ಮ ಬೇಡ ಅಂದರೆ? ಆಗ ಅದು ಅವರ ತೀರ್ಮಾನ. ನಿಮಗೆ ಕಷ್ಟ ಆಗುತ್ತೆ, ಆದರೆ ಮೈ ಅವರದು. ಚೆಕಪ್ ಮಾತ್ರ ತಪ್ಪಿಸಬೇಡ ಅಂತ ಮಾತು ತಗೊಳ್ಳಿ. ನನ್ನ ಅಂದಾಜಿನಲ್ಲಿ ವಿಷಯ ಅಲ್ಲಿಗೆ ಹೋಗಲ್ಲ. ನೋವಿಗೆ ಏನಾದರೂ ಮಾಡಿದರೆ ಅರ್ಧ ಜಗಳ ಅಲ್ಲೇ ಮುಗಿಯುತ್ತೆ.

ಅಪ್ಪನಿಗೆ ಹೇಳೋದನ್ನು ಅಮ್ಮನಿಗೇ ಬಿಡಿ, ಡಾಕ್ಟರನ್ನು ನೋಡಿ ಬಂದ ಮೇಲೆ. ಆಗ ಅಪ್ಪನಿಂದ ಒಂದು ಕೆಲಸ ಆಗಬೇಕು. ಬೆರಳು ಸಡಿಲವಾಗೋವರೆಗೆ, ಅಂದರೆ ಬೆಳಗಿನ ಹೊತ್ತು, ಹಾಲು ಕರೆಯೋದು, ನೀರು ಸೇದೋದು, ತಿಂಡಿ, ಇದರಲ್ಲಿ ಒಂದಾದರೂ ಅವರು ವಹಿಸಿಕೊಳ್ಳಲಿ. ರೊಟ್ಟಿ ಬೇಕೇ ಬೇಕು ಅಂದರೆ ಮಧ್ಯಾಹ್ನಕ್ಕೆ ಮಾಡಿದರಾಯ್ತು. ಬೆಳಿಗ್ಗೆಗೆ ಉಪ್ಪಿಟ್ಟು ಕೆದಕೋಕೆ ಅಪ್ಪನಿಗೂ ಬರುತ್ತೆ, ಅಲ್ವಾ?