ನಾಲ್ಕೂ ಪೇಪರ್ ಪಾಸಾಗಿದೆ, ಅನುಭವಕ್ಕೆ ಸಹಿ ಹಾಕುವವರಿಲ್ಲ

ಪ್ರಕರಣ: ದಾವಣಗೆರೆ ಕಡೆಯ 28 ವರ್ಷದ ಯುವತಿ, ಎಂ.ಕಾಂ. ಪದವೀಧರೆ. ಅಮೆರಿಕದ ಕಂಪನಿಯೊಂದು ಬೆಂಗಳೂರಿನಲ್ಲಿ ನಡೆಸುವ ಹಣಕಾಸು ಕೇಂದ್ರದಲ್ಲಿ ನಾಲ್ಕು ವರ್ಷದಿಂದ ಕೆಲಸ. ಗುರುತು ಸಿಗದಂತೆ ಕೆಲವು ವಿವರಗಳನ್ನು ಬದಲಿಸಲಾಗಿದೆ.

ಅಮೆರಿಕದ ಸಿಪಿಎ (ಸರ್ಟಿಫೈಡ್ ಪಬ್ಲಿಕ್ ಅಕೌಂಟೆಂಟ್, ನಮ್ಮ ಸಿಎಯಂಥ ಬಿರುದು) ಪರೀಕ್ಷೆಯ ನಾಲ್ಕೂ ಭಾಗಗಳನ್ನು ಅವರು ಪಾಸು ಮಾಡಿ ಆರು ತಿಂಗಳಾಗಿತ್ತು. ಪ್ರತಿಯೊಂದರಲ್ಲೂ ಬೇಕಿದ್ದ 75 ಅಂಕ ದಾಟಿದ್ದರು. ಲೈಸೆನ್ಸಿಗೆ ಅರ್ಜಿ ತುಂಬಲು ಕೂತಾಗ ಅನುಭವದ ಫಾರಂ ಎದುರಾಯಿತು. ಮ್ಯಾನೇಜರ್ ಸಂತೋಷದಿಂದಲೇ ಸಹಿ ಹಾಕಿಕೊಟ್ಟರು. ಆದರೆ ಅವರು ನಮ್ಮ ದೇಶದ ಚಾರ್ಟರ್ಡ್ ಅಕೌಂಟೆಂಟ್. ಫಾರಂ ಕೇಳುತ್ತಿದ್ದದ್ದು ಚಾಲ್ತಿಯಲ್ಲಿರುವ ಅಮೆರಿಕದ ಸಿಪಿಎ ಲೈಸೆನ್ಸಿನ ಸಂಖ್ಯೆಯನ್ನು.

ಅಷ್ಟರಲ್ಲಿ ಮನೆಯಲ್ಲಿ ನಿಶ್ಚಿತಾರ್ಥದ ಕಾರ್ಡಿನ ಕರಡು ಬಂದಿತ್ತು. ಅವರ ಹೆಸರಿನ ಮುಂದೆ ‘ಎಂ.ಕಾಂ., ಸಿ.ಪಿ.ಎ. (ಅಮೆರಿಕ)’ ಎಂದು ಬರೆಸಿದ್ದವರು ತಂದೆ. “ಮೇಡಂ, ನಾನಿನ್ನೂ ಸಿಪಿಎ ಆಗಿಲ್ಲ ಅಂತ ಅಪ್ಪಾಜಿಗೆ ಹೇಗೆ ಹೇಳ್ಲಿ? ಎರಡು ವರ್ಷ ಓದಿದ್ದೇ ಸುಳ್ಳು ಅನ್ಕೋತಾರೆ” ಎಂಬುದು ನಮ್ಮ ಬಳಿ ಸಲಹೆಗೆ ಬಂದಾಗ ಅವರ ಮೊದಲ ಮಾತು. ನಿದ್ದೆ ಕೆಟ್ಟಿತ್ತು, ಆಫೀಸಿನಲ್ಲಿ ಯಾರಾದರೂ ಅಭಿನಂದಿಸಿದರೆ ಅಳು ಬರುತ್ತಿತ್ತು. ದುಡ್ಡು ಕೊಟ್ಟರೆ ಅಮೆರಿಕದ ಸಿಪಿಎ ಒಬ್ಬರಿಂದ ಸಹಿ ಹಾಕಿಸಿಕೊಡುವುದಾಗಿ ಪರಿಚಿತರೊಬ್ಬರು ಹೇಳಿದ್ದು ಅವರನ್ನು ಇನ್ನಷ್ಟು ಗೊಂದಲಕ್ಕೆ ತಳ್ಳಿತ್ತು.

ಮೊದಲು ಭಯದ ಅಳತೆ ಸರಿಪಡಿಸಬೇಕಿತ್ತು. ನಾಲ್ಕೂ ಭಾಗ ಪಾಸಾದ ಮೇಲೆ ಆ ಶ್ರಮ ನಾಳೆಯೇ ಕರಗಿಹೋಗುವುದಿಲ್ಲ. ಆದರೆ ಭಾರತದ ಕೇಂದ್ರದಲ್ಲಿ ಪರೀಕ್ಷೆ ಬರೆಯುವವರು ಸಹಿ ಮಾಡುವ ಒಪ್ಪಿಗೆಪತ್ರದಲ್ಲಿ ಒಂದು ಷರತ್ತಿದೆ: ಪಾಸಾದ ಮೂರು ವರ್ಷದೊಳಗೆ ಲೈಸೆನ್ಸ್ ಪಡೆಯಬೇಕು. ಬಹಳ ಮಂದಿ ಅದನ್ನು ಓದದೆ ಸಹಿ ಮಾಡಿರುತ್ತಾರೆ. ಇವರಿಗೆ ಉಳಿದಿದ್ದದ್ದು 30 ತಿಂಗಳು. ಅನುಭವಕ್ಕೆ ಬೇಕಾದದ್ದು ಸುಮಾರು ಒಂದು ವರ್ಷ. ಇಷ್ಟನ್ನು ಹಾಳೆಯ ಮೇಲೆ ಬರೆದು ತೋರಿಸಿದಾಗ ಅವರ ಉಸಿರು ಸ್ವಲ್ಪ ಹಗುರಾಯಿತು.

ಬಿರುದಿನ ವಿಷಯದಲ್ಲಿ ಮಾತ್ರ ಯಾವ ರಿಯಾಯಿತಿಯನ್ನೂ ಕೊಡಲಿಲ್ಲ. ಲೈಸೆನ್ಸ್ ಇಲ್ಲದೆ ಹೆಸರಿನ ಮುಂದೆ ಸಿಪಿಎ ಎಂದು ಹಾಕಿಕೊಳ್ಳುವುದನ್ನು, ಲೈಸೆನ್ಸ್ ಕೊಡುವ ಅಮೆರಿಕದ ರಾಜ್ಯ ಮಂಡಳಿಗಳು ನಿಷೇಧಿಸುತ್ತವೆ, ನಾಳೆ ಅರ್ಜಿ ಪರಿಶೀಲಿಸುವವರೂ ಅವರೇ. ಲಿಂಕ್ಡ್‌ಇನ್ ಮತ್ತು ಇಮೇಲ್ ಸಹಿಯಲ್ಲಿ ‘ಸಿಪಿಎ ಪರೀಕ್ಷೆಯಲ್ಲಿ ಉತ್ತೀರ್ಣ, ಲೈಸೆನ್ಸ್ ಬಾಕಿ’ ಎಂದು ಅಂದೇ ಬದಲಿಸಲು ಹೇಳಿದೆವು. ತಂದೆಗೆ ಹೇಳುವ ಮಾತನ್ನು ಜೊತೆಯಲ್ಲೇ ಕೂತು ಹೊಂದಿಸಿದೆವು: “ಅಪ್ಪಾಜಿ, ಪರೀಕ್ಷೆ ಪೂರ್ತಿ ಮುಗೀತು. ಡಾಕ್ಟರಿಗೆ ಹೌಸ್‌ಮನ್‌ಶಿಪ್ ಇರೋ ಹಾಗೆ ಇದಕ್ಕೂ ಒಂದು ವರ್ಷದ ಅನುಭವ ತೋರಿಸಬೇಕು. ಕಾರ್ಡಲ್ಲಿ ಎಂ.ಕಾಂ. ಅಂತಷ್ಟೇ ಇರಲಿ.” ಮಗಳು ಊರಲ್ಲಿ ಆಡಿಟರ್ ಆಫೀಸು ತೆರೆಯುತ್ತಾಳೆ ಎಂದು ತಂದೆ ನಂಟರಿಗೆ ಹೇಳಿದ್ದರು. ಕಂಪನಿಗಳ ಶಾಸನಬದ್ಧ ಆಡಿಟ್‌ಗೆ 2013ರ ಕಂಪನಿ ಕಾಯ್ದೆಯಂತೆ ಸಿಎ ಆಗಿರಬೇಕು, ಅಮೆರಿಕದ ಲೈಸೆನ್ಸ್ ಇಲ್ಲಿ ಆ ಅಧಿಕಾರ ಕೊಡುವುದಿಲ್ಲ ಎಂಬುದನ್ನೂ ಅದೇ ಮಾತುಕತೆಯಲ್ಲಿ ಹೇಳಿಬಿಡುವಂತೆ ಸೂಚಿಸಿದೆವು. ಎರಡು ಸಲ ಬೇಸರ ಮಾಡುವುದಕ್ಕಿಂತ ಒಂದೇ ಸಲ ಆಗಿಹೋಗಲಿ ಎಂಬುದು ನಮ್ಮ ಅಭಿಪ್ರಾಯವಾಗಿತ್ತು.

ಇನ್ನು ಅನುಭವ. ಹೆಚ್ಚಿನ ರಾಜ್ಯಗಳು ಕೇಳುವುದು ಒಂದು ವರ್ಷ, ಅಂದರೆ 2000 ಗಂಟೆ. ಆಡಿಟ್ ಸಂಸ್ಥೆಯಲ್ಲೇ ಆಗಬೇಕೆಂದಿಲ್ಲ, ಕಂಪನಿಯ ಲೆಕ್ಕಪತ್ರ ವಿಭಾಗದ ಕೆಲಸವನ್ನೂ ಅನೇಕ ರಾಜ್ಯಗಳು ಒಪ್ಪುತ್ತವೆ. ಲೆಕ್ಕಪತ್ರ, ತೆರಿಗೆ, ಆಡಿಟ್, ಹಣಕಾಸು ಸಲಹೆ ಇವುಗಳಲ್ಲಿ ಯಾವುದಾದರೊಂದರ ವೃತ್ತಿಪರ ತಿಳಿವಳಿಕೆ ಬಳಸಿರಬೇಕು, ಅದನ್ನು ಸಿಪಿಎ ಒಬ್ಬರು ದೃಢೀಕರಿಸಬೇಕು. ಇವರ ನಾಲ್ಕು ವರ್ಷವನ್ನು ಬಿಡಿಸಿ ನೋಡಿದಾಗ ಮೊದಲ ಎರಡು ವರ್ಷ ಮಾರಾಟಗಾರರ ಇನ್‌ವಾಯ್ಸ್‌ಗಳನ್ನು ಸಿಸ್ಟಮ್‌ಗೆ ಏರಿಸುವ ಕೆಲಸ. ಅದನ್ನು ಮುಂದಿಟ್ಟರೆ ಅರ್ಜಿ ಸೊರಗುತ್ತದೆ. ನಂತರದ್ದು ಗಟ್ಟಿ: ತಿಂಗಳ ಕೊನೆಯ ಕ್ಲೋಸಿಂಗ್ (ಲೆಕ್ಕ ಮುಗಿಸುವುದು), ಅಕ್ರೂಯಲ್ ಎಂಟ್ರಿ (ಹಣ ಕೈಬದಲಾಗುವ ಮೊದಲೇ ಖರ್ಚು, ಆದಾಯ ದಾಖಲಿಸುವುದು), ಬ್ಯಾಲೆನ್ಸ್ ಶೀಟ್ ಖಾತೆಗಳ ರಿಕನ್ಸಿಲಿಯೇಷನ್ (ತಾಳೆ ನೋಡುವುದು), ಬಜೆಟ್ ವ್ಯತ್ಯಾಸಕ್ಕೆ ಕಾರಣ ಬರೆಯುವುದು. ಅನುಭವದ ವಿವರಣೆ ಇದರ ಮೇಲೆ ನಿಲ್ಲಬೇಕು. ‘ಸೀನಿಯರ್ ಅನಲಿಸ್ಟ್ ಆಗಿ ಇಂಥ ದಿನಾಂಕದಿಂದ ಕೆಲಸ ಮಾಡಿದ್ದಾರೆ’ ಎಂಬ ಎಚ್‌ಆರ್ ಪತ್ರದಿಂದ ಏನೂ ಆಗದು.

ಗಂಟೆಯ ಲೆಕ್ಕದಲ್ಲಿ ಎಡವುವವರು ಬಹಳ. ವಾರಕ್ಕೆ 40ರಂತೆ 52 ವಾರಕ್ಕೆ 2080 ಎಂದುಕೊಳ್ಳುತ್ತಾರೆ. ಹಬ್ಬದ ರಜೆ 10, ಸ್ವಂತ ರಜೆ 18 ಕಳೆದರೆ 224 ಗಂಟೆ ಹೋಗಿ 1856 ಉಳಿಯುತ್ತದೆ. ಆದ್ದರಿಂದ 13 ತಿಂಗಳು ತುಂಬಿದ ಮೇಲೆ ಫಾರಂ ಮುಂದಿಡಿ ಎಂದೆವು. ಪ್ರತಿ ಶುಕ್ರವಾರ ಎಕ್ಸೆಲ್ ಹಾಳೆಯಲ್ಲಿ ನಾಲ್ಕು ಕಾಲಂ: ಕೆಲಸ, ಗಂಟೆ, ಬಳಸಿದ ತಿಳಿವಳಿಕೆ, ಪರಿಶೀಲಿಸಿದವರು. ಇದರಲ್ಲಿ ಕಂಪನಿಯ ಗೋಪ್ಯ ಅಂಕಿಅಂಶ ಬರೆಯಬಾರದು.

ಸಹಿಯ ಮೂಲ ಅವರ ಕೈಯಳತೆಯಲ್ಲೇ ಇತ್ತು. ಕ್ಲೋಸಿಂಗ್ ಫೈಲುಗಳು ಕೊನೆಗೆ ಹೋಗುವುದು ಅಮೆರಿಕದ ಕಂಟ್ರೋಲರ್, ಅಂದರೆ ಕಂಪನಿಯ ಲೆಕ್ಕಪತ್ರ ಮುಖ್ಯಸ್ಥರ ಬಳಿಗೆ. ರಾಜ್ಯ ಮಂಡಳಿಗಳ ಒಕ್ಕೂಟವಾದ ನಾಸ್ಬಾ ನಡೆಸುವ ಸಿಪಿಎ ವೆರಿಫೈ ಎಂಬ ಉಚಿತ ತಾಣದಲ್ಲಿ ಹೆಸರು ಹುಡುಕಿದಾಗ ಅವರ ಲೈಸೆನ್ಸ್ ಚಾಲ್ತಿಯಲ್ಲಿತ್ತು. ಲೈಸೆನ್ಸ್ ನಿಷ್ಕ್ರಿಯವಾಗಿರುವವರ ಸಹಿ ಪಡೆದು ಅರ್ಜಿ ವಾಪಸಾಗುವುದುಂಟು, ಹಾಗಾಗಿ ಇದನ್ನು ಕೇಳುವ ಮೊದಲೇ ನೋಡಬೇಕು. ಆದರೆ ಕಂಟ್ರೋಲರ್‌ಗೆ ಇವರ ಹೆಸರಷ್ಟೇ ಗೊತ್ತು, ಕೆಲಸ ಗೊತ್ತಿಲ್ಲ. ಅಂಥವರ ಬಳಿ ಏಕಾಏಕಿ ಸಹಿ ಕೇಳಿದರೆ ‘ಇಲ್ಲ’ ಎನ್ನುವುದೇ ನ್ಯಾಯ. ಬೆಂಗಳೂರಿನ ಮ್ಯಾನೇಜರ್ ಒಪ್ಪಿಗೆ ಪಡೆದು, ತಿಂಗಳಿಗೊಂದು ಅರ್ಧ ಗಂಟೆಯ ಪರಿಶೀಲನಾ ಕರೆ ಗೊತ್ತುಮಾಡಿಕೊಳ್ಳಿ, ಕರೆ ಮುಗಿದ ಮೇಲೆ ಅವರು ತಿದ್ದಿದ ಅಂಶಗಳನ್ನು ಇಮೇಲ್‌ನಲ್ಲಿ ಬರೆದು ಕಳಿಸಿ ಎಂದೆವು. ಮ್ಯಾನೇಜರ್ ಅವರನ್ನು ಬದಿಗೊತ್ತಿ ನೇರ ಹೋಗುವುದು ಬೇಡವೆಂದೂ ಎಚ್ಚರಿಸಿದೆವು.

ದುಡ್ಡಿನ ಸಹಿಯ ಬಗ್ಗೆ ಮುಚ್ಚುಮರೆಯಿಲ್ಲದೆ ಮಾತಾಡಿದೆವು. ಅರ್ಜಿದಾರರ ಕೆಲಸವನ್ನು ಹೇಗೆ ಬಲ್ಲಿರಿ ಎಂದು ದೃಢೀಕರಿಸುವವರನ್ನು ಮಂಡಳಿ ಕೇಳಬಹುದು. ಅಲ್ಲಿ ಸುಳ್ಳು ಬಯಲಾದರೆ ಇವರ ಅರ್ಜಿಯೂ ಸಹಿ ಹಾಕಿದವರ ಲೈಸೆನ್ಸೂ ಅಪಾಯದಲ್ಲಿ. ಅವರು ಆ ಪರಿಚಿತರ ಸಂದೇಶವನ್ನು ನಮ್ಮೆದುರೇ ಅಳಿಸಿದರು.

ರಾಜ್ಯದ ಆಯ್ಕೆಯನ್ನೂ ಮತ್ತೆ ನೋಡಬೇಕಾಯಿತು. ಕೋಚಿಂಗ್‌ನವರು ಪರೀಕ್ಷೆಗೆ ಕೂರುವುದು ಸುಲಭವೆಂದು ಒಂದು ರಾಜ್ಯ ಹಿಡಿಸಿದ್ದರು, ಲೈಸೆನ್ಸಿನ ನಿಯಮವನ್ನು ಯಾರೂ ನೋಡಿರಲಿಲ್ಲ. ಒಂದು ರಾಜ್ಯದಡಿ ಪಡೆದ ಅಂಕಗಳನ್ನು ಮತ್ತೊಂದಕ್ಕೆ ವರ್ಗಾಯಿಸಬಹುದು. ಮಂಡಳಿಗೆ ಇಮೇಲ್‌ನಲ್ಲಿ ಕೇಳಬೇಕಾದದ್ದನ್ನು ಬರೆಸಿದೆವು. ಸೋಷಿಯಲ್ ಸೆಕ್ಯುರಿಟಿ ಸಂಖ್ಯೆ (ಅಮೆರಿಕ ಸರ್ಕಾರ ಕೊಡುವ ಗುರುತಿನ ಸಂಖ್ಯೆ) ಇಲ್ಲದವರ ಅರ್ಜಿ ನಡೆಯುತ್ತದೆಯೇ? ಭಾರತದಲ್ಲಿ ಮಾಡಿದ ಕೆಲಸ ಎಣಿಕೆಗೆ ಬರುತ್ತದೆಯೇ? ದೃಢೀಕರಿಸುವವರು ನೇರ ಮೇಲಧಿಕಾರಿಯೇ ಆಗಿರಬೇಕೇ? ಪಾಸಾಗುವ ಮೊದಲಿನ ಅನುಭವ ನಡೆಯುತ್ತದೆಯೇ? ನೈತಿಕತೆಯ ಪರೀಕ್ಷೆ ಯಾವುದು? ಆಡಿಟ್ ವರದಿಗೆ ಸಹಿ ಹಾಕುವ ಆಸೆ ಇದ್ದವರಿಗೆ ಬೇರೆ ಲೆಕ್ಕ, ಕ್ಯಾಲಿಫೋರ್ನಿಯಾದಲ್ಲಿ ಅದಕ್ಕೆ 500 ಗಂಟೆಯ ಅಟೆಸ್ಟ್ (ಲೆಕ್ಕಪತ್ರ ಪರಿಶೀಲಿಸಿ ದೃಢೀಕರಿಸುವ ಆಡಿಟ್‌ನಂಥ ಕೆಲಸ) ಅನುಭವ ಬೇಕು. ಇವರಿಗೆ ಅದರ ಅಗತ್ಯವಿರಲಿಲ್ಲ. ಮೂರು ವರ್ಷದ ಬಿ.ಕಾಂ. ಜೊತೆ ಎಂ.ಕಾಂ. ಇದ್ದುದರಿಂದ ಲೈಸೆನ್ಸಿಗೆ ಕೇಳುವ 150 ಕ್ರೆಡಿಟ್ (ಕಾಲೇಜು ಓದನ್ನು ಅಳೆಯುವ ಘಟಕ) ತುಂಬಿತ್ತು. ಕ್ರೆಡಿಟ್ ಕೊರತೆ ಇರುವವರು ಈಚಿನ ಬದಲಾವಣೆ ಗಮನಿಸಲಿ: ಒಹಾಯೊ 2026ರ ಜನವರಿಯಿಂದ ಪದವಿಯ ಜೊತೆ ಎರಡು ವರ್ಷದ ಅನುಭವದ ದಾರಿಯನ್ನೂ ತೆರೆದಿದೆ, ಇನ್ನೂ ಹಲವು ರಾಜ್ಯಗಳು ಹಾಗೇ ಮಾಡಿವೆ.

ಹೆಸರಿನ ತೊಡಕು ನಮ್ಮ ಕಡೆಯವರಿಗೆ ತಪ್ಪಿದ್ದಲ್ಲ. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಎರಡು ಇನಿಷಿಯಲ್, ಪಾಸ್‌ಪೋರ್ಟ್‌ನಲ್ಲಿ ಅದೇ ಬಿಡಿಸಿ ಬರೆದ ತಂದೆಯ ಹೆಸರು. ಮದುವೆಯಾದ ಮೇಲೆ ಮೂರನೆಯದೊಂದು ಸೇರಿದರೆ ಮಂಡಳಿ ದಾಖಲೆ ಕೇಳುತ್ತಾ ಹೋಗುತ್ತದೆ. ಲೈಸೆನ್ಸ್ ಕೈಸೇರುವವರೆಗೆ ಪಾಸ್‌ಪೋರ್ಟ್ ಹೆಸರನ್ನು ಬದಲಿಸುವುದು ಬೇಡವೆಂದೆವು.

ನಾಲ್ಕನೆಯ ಭೇಟಿಯ ಹೊತ್ತಿಗೆ ಕಂಟ್ರೋಲರ್ ಜೊತೆ ಎರಡು ಕರೆ ಆಗಿದ್ದವು, ನಿದ್ದೆ ಬರುತ್ತಿತ್ತು, ಕಾರ್ಡು ಎಂ.ಕಾಂ. ಎಂದಷ್ಟೇ ಅಚ್ಚಾಗಿತ್ತು. ಮದುವೆಯ ನಂತರ ಪುಣೆಗೆ ಹೋಗಬೇಕಾದೀತು ಎಂಬ ಹೊಸ ಚಿಂತೆ ಹೇಳಿಕೊಂಡರು. ಸಾಧ್ಯವಾದರೆ ಇದೇ ತಂಡದಲ್ಲಿ ದೂರದಿಂದ ಕೆಲಸ ಕೇಳಿ, ಆಗದಿದ್ದರೆ ರಾಜೀನಾಮೆ ಕೊಡುವ ಮೊದಲೇ ಅಲ್ಲಿಯವರೆಗಿನ ಗಂಟೆಗಳಿಗೆ ಕಂಟ್ರೋಲರ್ ಸಹಿ ಪಡೆದಿಟ್ಟುಕೊಳ್ಳಿ, ಭಾಗಶಃ ಅನುಭವದ ಫಾರಂ ಸ್ವೀಕರಿಸುತ್ತಾರೆಯೇ ಎಂದು ಮಂಡಳಿಯಿಂದ ಈಗಲೇ ಬರಹದಲ್ಲಿ ಉತ್ತರ ತರಿಸಿಕೊಳ್ಳಿ ಎಂದು ತಿಳಿಸಿದೆವು. ಹೊಸ ಕಡೆ ಸಂದರ್ಶನಕ್ಕೆ ಹೋದರೆ ಸಂಬಳಕ್ಕೂ ಮುಂಚೆ ಕೇಳಬೇಕಾದ ಪ್ರಶ್ನೆಯನ್ನೂ ಬರೆದುಕೊಂಡರು: “ನನ್ನ ಕೆಲಸ ಪರಿಶೀಲಿಸುವವರಲ್ಲಿ ಚಾಲ್ತಿ ಲೈಸೆನ್ಸ್ ಇರುವ ಸಿಪಿಎ ಯಾರಿದ್ದಾರೆ?”